ಬಣ್ಣ ಬದಲಾದ 1973ರ ಫೆಂಡರ್ ಪ್ರಿಸಿಷನ್ ಬೇಸ್: ವರ್ಷಗಟ್ಟಲೆ ನುಡಿಸಿದ ಮೇಲೆ, ಮಾರುವ ಮುಂಚೆ

ವಾದ್ಯದ ವಿವರ ಮೊದಲು. 1973ರ ಫೆಂಡರ್ ಪ್ರಿಸಿಷನ್ ಬೇಸ್, ಅಂದರೆ ನಾಲ್ಕು ತಂತಿಯ ಎಲೆಕ್ಟ್ರಿಕ್ ಬೇಸ್ ಗಿಟಾರ್. ಆಲ್ಡರ್ ಬಾಡಿ, ಮೇಪಲ್ ನೆಕ್, ಬೀಟೆಯ ಫಿಂಗರ್‌ಬೋರ್ಡ್, 20 ಫ್ರೆಟ್, 34 ಇಂಚಿನ ಸ್ಕೇಲ್. ತೂಕ 4 ಕೆಜಿಗಿಂತ ಸ್ವಲ್ಪ ಜಾಸ್ತಿ. ನೆಕ್, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಪಾಟ್ (ಧ್ವನಿ, ಟೋನ್ ಹೊಂದಿಸುವ ಗುಂಡಿಯ ಕೆಳಗಿನ ಭಾಗ), ಬ್ರಿಡ್ಜ್, ಟ್ಯೂನರ್ ಎಲ್ಲ ಕಾರ್ಖಾನೆಯವೇ. ಬಾಡಿಯ ಸನ್‌ಬರ್ಸ್ಟ್ (ನಡುವಿನಿಂದ ಅಂಚಿಗೆ ಗಾಢವಾಗುವ ಬಣ್ಣ) ಮಾತ್ರ ಹಿಂದಿನ ಮಾಲೀಕರ ಕಾಲದಲ್ಲೇ ಹೋಗಿ, ಅದರ ಜಾಗಕ್ಕೆ ಬಿಳಿ ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬಂದಿದೆ. ನುಡಿಸುವವರಿಗೆ ಈ ಥರದ ಬೇಸ್ ಕಣ್ಣು ಮುಚ್ಚಿ ಕೊಳ್ಳಬಹುದು. ಮಾರಲು ಹೊರಟರೆ ಮಾತ್ರ ಕಣ್ಣು ತೆರೆದಿರಬೇಕು.

ನಾದದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 1957ರಲ್ಲಿ ಬಂದ ಎರಡು ತುಂಡಿನ ಪಿಕಪ್ಪಿನ ವಿನ್ಯಾಸವೇ ಇದರಲ್ಲೂ ಇದೆ. ಮಲ್ಟಿಮೀಟರಿಗೆ 10ರಿಂದ 11 ಕಿಲೋಓಮ್ ತೋರಿಸಿದರೆ ಪಿಕಪ್ ಆರೋಗ್ಯವಾಗಿದೆ. ಫ್ಲಾಟ್‌ವೌಂಡ್ ತಂತಿ (ನುಣುಪು ಮೈಯದು) ಹಾಕಿದರೆ ಫ್ರೆಟ್ಟುಗಳೂ ಉಳಿಯುತ್ತವೆ, ಡ್ರಮ್ಮಿನ ಜೊತೆಗೂ ಚೆನ್ನಾಗಿ ಕೂರುತ್ತದೆ. ಎಲ್ಲಕ್ಕಿಂತ ತೆಳುವಾದ ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ಟಿನ ನಡುವೆ ಒಂದು ಸ್ವರ ಬೇಗ ಸಾಯುತ್ತದೆ. ಉದ್ದನೆಯ ನೆಕ್ ಆ ಸ್ವರಕ್ಕೆ ತಾನೂ ಅಲುಗಿ ತಂತಿಯ ಶಕ್ತಿ ಹೀರಿಕೊಳ್ಳುವುದರಿಂದ ಹೀಗಾಗುತ್ತದೆ. ಈ ಜಾತಿಯ ಬೇಸ್‌ಗಳಲ್ಲಿ ಇದು ಮಾಮೂಲು, ರಿಪೇರಿಗೆ ದುಡ್ಡು ಸುರಿಯಬೇಡಿ. ತೆಳು ನೈಟ್ರೋ ಹೊಡೆದರೆ ಮರ ಉಸಿರಾಡಿ ನಾದ ಬಿಚ್ಚಿಕೊಳ್ಳುತ್ತದೆ ಎನ್ನುವವರಿದ್ದಾರೆ. ನನ್ನ ಕಿವಿಗಂತೂ ಅದು ಬಿದ್ದಿಲ್ಲ. ಜಾಹೀರಾತಿನಲ್ಲಿ ಆ ಮಾತು ಬರೆದರೆ ತಿಳಿದವರು ಮುಂದೆ ಓದುವುದಿಲ್ಲ.

ಸೆಟಪ್ ಕೆಲಸದಲ್ಲಿ ಇರುವ ಒಂದೇ ಕಿರಿಕಿರಿ ಎಂದರೆ ಟ್ರಸ್ ರಾಡಿನ (ನೆಕ್ಕಿನ ಬಾಗು ಹೊಂದಿಸುವ ಒಳಗಿನ ಸರಳಿನ) ನಟ್ ನೆಕ್ಕಿನ ಹಿಮ್ಮಡಿಯಲ್ಲಿ, ಬಾಡಿಯೊಳಗೆ ಹೂತಿರುವುದು. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಹೊರತೆಗೆದು, ಎಂಟನೇ ಒಂದು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ, ಶ್ರುತಿ ಮಾಡಿ ನೋಡಬೇಕು. ಸ್ಕ್ರೂ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ, ಹಳೆಯ ಮರೆಗೆ (ಸ್ಕ್ರೂವಿನ ಸುತ್ತುಗಳು ಕೊರೆದ ಜಾಡಿಗೆ) ಟಕ್ಕೆಂದು ಇಳಿದದ್ದು ಕೈಗೆ ಗೊತ್ತಾದ ಮೇಲೆ ಬಿಗಿಮಾಡಿ. ಇಲ್ಲದಿದ್ದರೆ ಮೇಪಲ್ಲಿನಲ್ಲಿ ಎರಡನೇ ಮರೆ ಕೊರೆದು ತೂತು ಹಾಳಾಗುತ್ತದೆ. ನೆಕ್ಕಿನ ಬಾಗು 0.35 ಮಿಮೀ, 17ನೇ ಫ್ರೆಟ್ಟಿನ ಮೇಲೆ ಇ ತಂತಿ 2.8 ಮಿಮೀ, ಜಿ ತಂತಿ 2.4 ಮಿಮೀ. ಫಿಂಗರ್‌ಬೋರ್ಡಿನ ಉಬ್ಬು 7.25 ಇಂಚಿನದಾದ್ದರಿಂದ ಇದಕ್ಕಿಂತ ತಗ್ಗಿಸಲು ಹೋದರೆ ಸಾಮಾನ್ಯವಾಗಿ ಕರಕರ ಶುರು.

ಇನ್ನು ಮರುಬಣ್ಣ ತರುವ ತೊಂದರೆಗಳು. ಇವುಗಳಲ್ಲಿ ಅರ್ಧ ಕಣ್ಣಿಗೆ ಕಾಣುವುದೇ ಇಲ್ಲ.

ಮೊದಲನೆಯದು ಹಮ್, ಅಂದರೆ ಆಂಪ್ಲಿಫೈಯರಿನಿಂದ ಬರುವ ಗುಂಯ್ ಸದ್ದು. ಬ್ರಿಡ್ಜಿನ ಕೆಳಗೆ ಒಂದು ಬೋಳು ಗ್ರೌಂಡ್ ವೈರ್ ಬಂದು ಒತ್ತಿಕೊಂಡಿರುತ್ತದೆ. ಬಣ್ಣ ಹೊಡೆಯುವವರು ಆ ವೈರಿನ ಮೇಲೂ ಹೊಡೆದುಬಿಟ್ಟರೆ ಬ್ರಿಡ್ಜಿಗೂ ಅದಕ್ಕೂ ಸಂಪರ್ಕ ತಪ್ಪುತ್ತದೆ. ತಂತಿ ಮುಟ್ಟಿದರೂ ಹಮ್ ಇಳಿಯದಿದ್ದರೆ ಮೊದಲು ಇದನ್ನೇ ನೋಡಿ: ಮಲ್ಟಿಮೀಟರಿನ ಒಂದು ಮೊನೆ ತಂತಿಗೆ, ಇನ್ನೊಂದು ಜಾಕಿನ ಹೊರತೋಳಿಗೆ. ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಬ್ರಿಡ್ಜ್ ಬಿಚ್ಚಿ ವೈರಿನ ತುದಿಯನ್ನೂ ಅದು ತಾಗುವ ಲೋಹವನ್ನೂ ಸಣ್ಣ ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಸಾಕು. ಪಿಕಪ್ ಹಾಳಾಗಿದೆ ಎಂದು ತಿಳಿದು ಒರಿಜಿನಲ್ ಪಿಕಪ್ಪನ್ನೇ ಬದಲಿಸಿದವರ ಕಥೆ ಈ ವಲಯದಲ್ಲಿ ಬೇಕಾದಷ್ಟಿದೆ.

ಎರಡನೆಯದು ನೆಕ್ ಪಾಕೆಟ್, ಬಾಡಿಯಲ್ಲಿ ನೆಕ್ ಕೂರುವ ಕುಳಿ. ಅದರ ತಳದಲ್ಲಿ ಬಣ್ಣ ಏರುಪೇರಾಗಿ ದಪ್ಪಗೆ ಕೂತಿದ್ದರೆ ನೆಕ್ಕಿನ ಕೋನ ಬದಲಾಗಿ, ಸ್ಯಾಡಲ್‌ಗಳನ್ನು (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡುಗಳನ್ನು) ಪೂರ್ತಿ ತಗ್ಗಿಸಿದರೂ ತಂತಿ ಎತ್ತರದಲ್ಲೇ ಉಳಿಯಬಹುದು. ಪಕ್ಕದ ಗೋಡೆಗಳ ಮೇಲೆ ಕೂತಿದ್ದರೆ ನೆಕ್ ತುರುಕುವಾಗ ಅಂಚಿನಿಂದ ಬಿರುಕು ಹೊರಡುತ್ತದೆ. ಪಿಕ್‌ಗಾರ್ಡಿನ ಸ್ಕ್ರೂ ತೂತುಗಳಲ್ಲಿ ಬಣ್ಣ ಗಟ್ಟಿಯಾಗಿದ್ದರೆ ಬಲವಂತ ಮಾಡಬೇಡಿ, ಹಳೆಯ ಸ್ಕ್ರೂವಿನ ತಲೆ ಮುರಿಯುತ್ತದೆ. ಸ್ಟ್ರಾಪ್ ಬಟನ್ನಿನ ತೂತು ಸಡಿಲವಾಗಿದ್ದರೆ ಹಲ್ಲುಕಡ್ಡಿಗೆ ಮರದ ಅಂಟು ಸವರಿ ತುಂಬಿ, ಒಂದು ರಾತ್ರಿ ಬಿಟ್ಟು ಸ್ಕ್ರೂ ಹಾಕಿ.

ಮೂರನೆಯದು ಸ್ಟ್ಯಾಂಡ್. ನೈಟ್ರೋ ಲ್ಯಾಕರಿಗೂ ರಬ್ಬರಿಗೂ ಆಗಿಬರುವುದಿಲ್ಲ. ರಬ್ಬರ್ ತೋಳಿನ ಸ್ಟ್ಯಾಂಡಿನಲ್ಲಿ ಬಿಟ್ಟರೆ ಲ್ಯಾಕರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಎತ್ತಿದರೆ ಚಕ್ಕೆ ಸಮೇತ ಬರುತ್ತದೆ. ವಿನೈಲ್ ಸ್ಟ್ರಾಪಿಗೂ ಇದೇ ಮಾತು. ಹತ್ತಿ ಬಟ್ಟೆ ಸುತ್ತಿ, ಇಲ್ಲವೇ ಕೇಸಿನಲ್ಲೇ ಇಡಿ.

ಮರುಬಣ್ಣ ಯಾವುದು, ಎಷ್ಟು ಚೆನ್ನಾಗಿ ಆಗಿದೆ ಎಂದು ಹೇಳುವುದು ಮಾರುವವರ ಕೆಲಸ. 1973ಕ್ಕೆ ಫೆಂಡರ್ ಬಾಡಿಗಳಿಗೆ ದಪ್ಪ ಪಾಲಿ (ಪ್ಲಾಸ್ಟಿಕ್ ಥರದ ಪಾಲಿಎಸ್ಟರ್) ಲೇಪನವಿತ್ತು. ಆದ್ದರಿಂದ ಈ ವರ್ಷದ ಬೇಸ್ ಮೈತುಂಬ ನೈಟ್ರೋ ಹೊತ್ತಿದ್ದರೆ ಬೇರೆ ಸಾಕ್ಷಿ ಬೇಡ. ಸಂಶಯವಿದ್ದರೆ ಪಿಕ್‌ಗಾರ್ಡಿನ ಕೆಳಗೆ, ಯಾರಿಗೂ ಕಾಣದ ಕಡೆ, ಕಿವಿಕಡ್ಡಿಯಲ್ಲಿ ಒಂದಿಷ್ಟು ಅಸಿಟೋನ್ ತಾಗಿಸಿ: ನೈಟ್ರೋ ಕರಗಿ ಕಡ್ಡಿಗೆ ಹತ್ತುತ್ತದೆ, ಪಾಲಿ ಜಗ್ಗುವುದಿಲ್ಲ. ಆ ಹಳೆಯ ಪಾಲಿಯನ್ನು ಕೆರೆದು ತೆಗೆಯುವುದು ಸುಲಭವಲ್ಲ. ಹೀಟ್ ಗನ್ ಜಾಸ್ತಿಯಾದರೆ ಮರ ಸುಟ್ಟು ಕಪ್ಪಾಗುತ್ತದೆ, ಸ್ಯಾಂಡರ್ ಜಾಸ್ತಿಯಾದರೆ ಅಂಚುಗಳು ಸೋಪಿನ ತುಂಡಿನಂತೆ ದುಂಡಗಾಗುತ್ತವೆ. ಪರಿಣತರು ನೋಡುವುದು ಬಣ್ಣದ ಹೊಳಪನ್ನಲ್ಲ, ಈ ಅಂಚುಗಳನ್ನು, ಮುಂಗೈ ಊರುವ ಇಳಿಜಾರನ್ನು, ಕೊಂಬುಗಳ ತುದಿಯನ್ನು. ಆಕಾರ ಉಳಿದಿದ್ದರೆ ಅದೇ ನಿಮ್ಮ ಬಂಡವಾಳ; ಪಕ್ಕದಿಂದ ಬೆಳಕು ಬಿಟ್ಟು ಅದರ ಫೋಟೋ ತೆಗೆಯಿರಿ.

ಕೊಳ್ಳುವವರು ಹೆಡ್‌ಸ್ಟಾಕಿನ ಬಗ್ಗೆ ತಗಾದೆ ತೆಗೆಯಬಹುದು. ಅದರ ಮುಖ ಜೇನಿನ ಬಣ್ಣಕ್ಕೆ ತಿರುಗಿ, ನೆಕ್ಕಿನ ಬೆನ್ನು ಬೆಳ್ಳಗೇ ಇರುತ್ತದೆ, ಅದನ್ನು ನೋಡಿ ಇಲ್ಲೂ ಮರುಬಣ್ಣ ಆಗಿದೆ ಎನ್ನುತ್ತಾರೆ. ಆಗಿಲ್ಲ. ಆ ಕಾಲದಲ್ಲಿ ಉಳಿದದ್ದಕ್ಕೆಲ್ಲ ಪಾಲಿ ಹೊಡೆದರೂ ಡೆಕಾಲ್ (ಕಂಪನಿಯ ಹೆಸರಿನ ಅಂಟುಚಿತ್ರ) ಇರುವ ಮುಖಕ್ಕೆ ನೈಟ್ರೋವನ್ನೇ ಉಳಿಸಿಕೊಂಡಿದ್ದರು. ನೈಟ್ರೋ ಹಳದಿಯಾಗುತ್ತದೆ, ಪಾಲಿ ಅಷ್ಟಾಗಿ ಆಗುವುದಿಲ್ಲ. ಈ ವಿವರವನ್ನು ಜಾಹೀರಾತಿನಲ್ಲೇ ಒಂದು ಸಾಲಿನಲ್ಲಿ ಬರೆದರೆ ಹತ್ತು ಪ್ರಶ್ನೆ ತಪ್ಪುತ್ತವೆ.

ವರ್ಷ ಸಾಬೀತು ಮಾಡಲು ನೆಕ್ ಪ್ಲೇಟಿನ ಸೀರಿಯಲ್ ಸಂಖ್ಯೆಯೊಂದನ್ನೇ ನಂಬಬೇಡಿ. ಪ್ಲೇಟುಗಳನ್ನು ಡಬ್ಬಿಯಿಂದ ಸಿಕ್ಕಿದ ಹಾಗೆ ತೆಗೆದು ಹಾಕುತ್ತಿದ್ದರು, ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಬೆರೆತಿವೆ, ಪ್ಲೇಟ್ ಬದಲಿಸುವುದಕ್ಕೆ ನಾಲ್ಕು ಸ್ಕ್ರೂ ಸಾಕು. ಹೆಚ್ಚು ನಂಬಬಹುದಾದದ್ದು ಪಾಟಿನ ಬೆನ್ನ ಮೇಲೆ ಒತ್ತಿರುವ ಅಂಕಿ. 1377305 ಎಂದಿದ್ದರೆ 137 ಸಿಟಿಎಸ್ ಕಂಪನಿ, 73 ವರ್ಷ, 05 ವಾರ. 304 ಎಂದು ಶುರುವಾದರೆ ಸ್ಟ್ಯಾಕ್‌ಪೋಲ್ ಕಂಪನಿ. ಆದರೆ ಪಾಟಿನ ತಾರೀಖು ಹೇಳುವುದು ಇದಕ್ಕಿಂತ ಮುಂಚೆ ಈ ಬೇಸ್ ಆಗಿರಲಾರದು ಎಂದಷ್ಟೇ. 1966ರ ಪಾಟುಗಳು ಎಷ್ಟೋ ವರ್ಷ ಆಮೇಲಿನ ಗಿಟಾರ್‌ಗಳಲ್ಲೂ ಸಿಗುತ್ತವೆ. ಅದರ ಜೊತೆಗೆ ನೆಕ್ಕಿನ ಹಿಮ್ಮಡಿಯ ಮೊಹರು, ಪಿಕಪ್ ತಳದ ಅಂಕಿ, ಪಿಕ್‌ಗಾರ್ಡ್ ಮೇಲಿನ ಬೆರಳುಪಟ್ಟಿಯ ಜಾಗ (1974ರಲ್ಲಿ ಅದು ಜಿ ತಂತಿಯ ಕಡೆಯಿಂದ ಇ ತಂತಿಯ ಕಡೆಗೆ ಹೋಯಿತು) ಎಲ್ಲ ಒಂದಕ್ಕೊಂದು ತಾಳೆಯಾಗಬೇಕು.

ಪಾಟ್ ಕರಕರ ಎಂದರೆ ಬದಲಿಸಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಒಳಗೆ ಬಿಟ್ಟು ಇಪ್ಪತ್ತು ಮೂವತ್ತು ಸಲ ಪೂರ್ತಿ ತಿರುಗಿಸಿ. ಯಾರೂ ಮುಟ್ಟದ ಹಳೆಯ ಬೆಸುಗೆಗೆ ಇರುವ ಬೆಲೆ ಹೊಸ ಪಾಟಿಗೆ ಇಲ್ಲ. ಜಾಕಿನ ನಟ್ ಸಡಿಲವಾದರೆ ಹೊರಗಿನಿಂದ ಮಾತ್ರ ತಿರುಗಿಸುತ್ತಾ ಹೋಗಬೇಡಿ, ಒಳಗೆ ಜಾಕೂ ಸುತ್ತಿ ವೈರ್ ಕಿತ್ತುಬರುತ್ತದೆ. ಪ್ಲೇಟ್ ಎತ್ತಿ ಜಾಕ್ ಹಿಡಿದುಕೊಂಡು ಬಿಗಿಮಾಡಿ.

ಮಾರುವ ಮುಂಚೆ ಇನ್ನೊಮ್ಮೆ ಬಣ್ಣ ಹೊಡೆಸಿ ಒರಿಜಿನಲ್ ಸನ್‌ಬರ್ಸ್ಟಿಗೆ ತರೋಣ ಎಂಬ ಆಸೆ ಬರುತ್ತದೆ. ಬೇಡ. ಖರ್ಚು ವಾಪಸ್ ಬರುವುದಿಲ್ಲ, ಜೊತೆಗೆ ಮರ ಇನ್ನೊಂದು ಸಲ ಸ್ಯಾಂಡರಿನ ಬಾಯಿಗೆ ಬೀಳುತ್ತದೆ. ಬೇಕೆಂದೇ ಗೀಚಿ ಹಳೆಯದರಂತೆ ಮಾಡುವುದು ಇನ್ನೂ ಕೆಟ್ಟದ್ದು. ಒಣ ಬಟ್ಟೆಯಲ್ಲಿ ಒರೆಸಿ, ಫಿಂಗರ್‌ಬೋರ್ಡಿಗೆ ನಾಲ್ಕು ಹನಿ ಮಿನರಲ್ ಆಯಿಲ್, ಹೊಸ ತಂತಿ, ಸರಿಯಾದ ಇಂಟೋನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ ಸರಿಯಿರುವುದು), ಅಷ್ಟು ಸಾಕು. ಸಿಲಿಕೋನ್ ಇರುವ ಪಾಲಿಶ್ ದೂರವಿಡಿ, ಮುಂದೆ ಯಾರಾದರೂ ಲ್ಯಾಕರ್ ತೇಪೆ ಹಾಕುವಾಗ ಬಣ್ಣ ಹಿಡಿಯದೆ ಕುಳಿಬೀಳುತ್ತದೆ.

ಬೆಲೆ ಕಟ್ಟುವಾಗ ವ್ಯಾಪಾರಿಗಳು ಹೇಳುವ ಲೆಕ್ಕ ಸರಳ: ಅದೇ ವರ್ಷದ, ಬಣ್ಣವೂ ಒರಿಜಿನಲ್ ಇರುವ ಬೇಸಿನ ಅರ್ಧ. ಆಕಾರ ಚೆನ್ನಾಗಿದ್ದು ಕೆಲಸ ಅಚ್ಚುಕಟ್ಟಾಗಿದ್ದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲಬಹುದು. ಪಿಕಪ್ ಬದಲಾಗಿದ್ದರೆ, ಹೆಚ್ಚುವರಿ ತೂತು ಕೊರೆದಿದ್ದರೆ ಇನ್ನೂ ಇಳಿಯುತ್ತದೆ. ಫ್ರೆಟ್ ಹೊಸದಾಗಿದ್ದರೆ ನುಡಿಸುವ ಗಿರಾಕಿ ಅಷ್ಟಾಗಿ ಮುಖ ಸಿಂಡರಿಸುವುದಿಲ್ಲ. ಹೋಲಿಕೆಗೆ ಮಾರಾಟವಾದ ಬೆಲೆ ನೋಡಿ, ಕೇಳಿದ ಬೆಲೆಯನ್ನಲ್ಲ. ಎರಡು ವರ್ಷದಿಂದ ಮಾರಾಟಕ್ಕೆ ಕೂತಿರುವ ಬೇಸಿನ ಬೆಲೆ ಯಾರಿಗೂ ಪ್ರಯೋಜನವಿಲ್ಲ. ನೆಕ್ ಒಬ್ಬರಿಗೆ, ಪಿಕಪ್ ಇನ್ನೊಬ್ಬರಿಗೆ ಎಂದು ಬಿಡಿಬಿಡಿಯಾಗಿ ಮಾರಿದರೆ ಕೆಲವೊಮ್ಮೆ ಜಾಸ್ತಿ ಬರುತ್ತದೆ, ನಿಜ. ಕೆಲಸ ಮಾಡುವ ಬೇಸನ್ನು ಹಾಗೆ ಕಡಿದು ಹಂಚುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಜಾಹೀರಾತು ಹೀಗಿದ್ದರೆ ಚೌಕಾಸಿ ಕಡಿಮೆ: «1973 ಪ್ರಿಸಿಷನ್ ಬೇಸ್. ಬಾಡಿಗೆ ಬಿಳಿ ನೈಟ್ರೋ ಮರುಬಣ್ಣ, ಮೊದಲು ಸನ್‌ಬರ್ಸ್ಟ್. ನೆಕ್, ಪಿಕಪ್, ಪಾಟ್, ಟ್ಯೂನರ್, ಬ್ರಿಡ್ಜ್ ಒರಿಜಿನಲ್, ಬೆಸುಗೆ ಮುಟ್ಟಿಲ್ಲ. ಜಿ ತಂತಿಯ ಕೆಳಗೆ 1ರಿಂದ 5ನೇ ಫ್ರೆಟ್ ಸವೆದಿದೆ, ಕರಕರ ಇಲ್ಲ. ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆ. ನೆಕ್ ಬಿಚ್ಚಿದ ಫೋಟೋ ಇದೆ.» ಆ ಕೊನೆಯ ವಾಕ್ಯವೇ ಅರ್ಧ ವ್ಯಾಪಾರ.

ಅಮೆರಿಕದಿಂದ ಹೊರದೇಶಕ್ಕೆ ಕಳಿಸುವುದಾದರೆ ಮರದ ಕಾನೂನು ತಿಳಿದಿರಲಿ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಪಟ್ಟಿಗೆ ಸೇರಿಸಿ ಗಿಟಾರ್ ವ್ಯಾಪಾರಕ್ಕೆ ಬಿಸಿ ಮುಟ್ಟಿಸಿತ್ತು. 2019ರ ನವೆಂಬರಿನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಬಂತು. ಆದರೆ ಬ್ರೆಜಿಲ್ ಬೀಟೆ 1992ರಿಂದಲೂ ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿದೆ, ಅದಕ್ಕೆ ಈ ವಿನಾಯಿತಿ ಅನ್ವಯಿಸದು. 60ರ ದಶಕದ ನಡುವಿನ ಹೊತ್ತಿಗೆ ಫೆಂಡರ್ ಭಾರತದ ಬೀಟೆಗೆ, ಅಂದರೆ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಜಾತಿಗೆ, ಹೊರಳಿತ್ತು. 1973ರ ಬೇಸನ್ನು ಬೆಲೆ ಏರಿಸಲೆಂದು ಬ್ರೆಜಿಲ್ ಎಂದು ಬರೆದರೆ ಕಸ್ಟಮ್ಸಿನಲ್ಲಿ ಸಿಕ್ಕಿಬೀಳುವವರು ನೀವೇ.

ಪ್ಯಾಕಿಂಗಿಗೆ ಗಟ್ಟಿ ಕೇಸ್, ಅದರ ಹೊರಗೆ ರಟ್ಟಿನ ಪೆಟ್ಟಿಗೆ, ನಡುವೆ ಎಲ್ಲ ಬದಿಗೂ ಎರಡು ಇಂಚಿನಷ್ಟು ತುಂಬು. ತಂತಿ ಒಂದೆರಡು ಸ್ವರ ಇಳಿಸಿ, ಪೂರ್ತಿ ಬಿಚ್ಚಬೇಡಿ. ಹೆಡ್‌ಸ್ಟಾಕಿನ ಹಿಂದೆ ಮುಂದೆ ಬಟ್ಟೆ ತುರುಕಿ, ಅದು ಗಾಳಿಯಲ್ಲಿ ತೂಗಬಾರದು. ನೈಟ್ರೋಗೆ ಬಬಲ್ ರ‍್ಯಾಪ್ ನೇರವಾಗಿ ತಾಗಿಸಬೇಡಿ, ಗುಳ್ಳೆಗಳ ಗುರುತು ಕೂರುತ್ತದೆ. ಒಳಗೆ ಹತ್ತಿ ಬಟ್ಟೆ ಇರಲಿ. ಚಳಿಯಲ್ಲಿ ಬಂದ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ತಕ್ಷಣ ತೆರೆದರೆ ಲ್ಯಾಕರ್ ಬಲೆಯಂತೆ ಬಿರಿಯುತ್ತದೆ, ಆದ್ದರಿಂದ 24 ಗಂಟೆ ಮುಚ್ಚಿದ ಹಾಗೇ ಇಡಬೇಕೆಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಪೆಟ್ಟಿಗೆಯ ಹೊರಗೆ ಅಂಟಿಸಿ, ಒಳಗಲ್ಲ. ಒಳಗಿನ ಚೀಟಿ ಓದುವ ಹೊತ್ತಿಗೆ ಅವರು ಅದನ್ನು ತೆರೆದಾಗಿರುತ್ತದೆ.