‘ಸಿರಿಂಜ್ ಎಲ್ಲಾ ಒಂದೇ ಅಲ್ವಾ ಮೇಡಂ’ ಅಂದರು, ನನ್ನ ಬೆಕ್ಕು ಸಾಯುವುದರಲ್ಲಿತ್ತು

ಸಕ್ಕರೆ ಕಾಯಿಲೆ ಇರುವ ಬೆಕ್ಕನ್ನು ಬೋರ್ಡಿಂಗ್‌ನಲ್ಲಿ ಬಿಟ್ಟು ಹೋಗುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಉದ್ದ ಆಗುತ್ತೆ, ಹೇಳಿದ್ದನ್ನೇ ಮತ್ತೆ ಹೇಳಿದರೂ ಹೇಳಿದೆ. ಆ ಜಾಗದ ಹೆಸರು ಹೇಳುವುದಿಲ್ಲ, ಕೇಳಬೇಡಿ. ಅವರು ಏನು ಮಾಡಿದರು, ಸಿಕ್ಕಿಬಿದ್ದ ಮೇಲೆ ಏನೇನು ಮಾತಾಡಿದರು, ಅದಷ್ಟೇ ಸಾಕು. ಇಂಥವರು ಎಲ್ಲಾ ಕಡೆ ಇದ್ದಾರೆ.

ನಮ್ಮ ಗುಂಡನಿಗೆ ಹತ್ತು ವರ್ಷ. ಹೆಸರಿಗೆ ತಕ್ಕ ಮೈ. ವಯಸ್ಸಾದ, ಮರಿ ಆಗದ ಹಾಗೆ ಆಪರೇಷನ್ ಆದ, ತೂಕ ಜಾಸ್ತಿ ಇರುವ ಗಂಡು ಬೆಕ್ಕುಗಳಿಗೆ ಸಕ್ಕರೆ ಕಾಯಿಲೆ ಬರುವುದು ಜಾಸ್ತಿಯಂತೆ, ಇವನು ಅದಷ್ಟೂ ಹೌದು. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ, ಗ್ಲಾರ್ಜಿನ್ ಇನ್ಸುಲಿನ್ 2 ಯೂನಿಟ್. ಮೊದಲು ಊಟ, ಆಮೇಲೆ ಸೂಜಿ. ಕೊಡುತ್ತಿರುವವರಿಗೆ ಗೊತ್ತು, ಶುರುವಿನಲ್ಲಿ ಕೈ ನಡುಗುತ್ತೆ, ಆಮೇಲೆ ಅಭ್ಯಾಸ ಆಗಿಬಿಡುತ್ತೆ. ಗುಂಡನಿಗಂತೂ ಚುಚ್ಚಿದ್ದೇ ಗೊತ್ತಾಗುವುದಿಲ್ಲ.

ನೆಂಟರೊಬ್ಬರಿಗೆ ಹುಷಾರಿಲ್ಲ ಅಂತ ಇದ್ದಕ್ಕಿದ್ದಂತೆ ಊರು ಬಿಡಬೇಕಾಯಿತು. ಹುಡುಕಿ ಹುಡುಕಿ ಸಿಕ್ಕವರು ಇವರು. ‘ಡಯಾಬಿಟಿಕ್ ಬೆಕ್ಕಾ? ನಮ್ಮ ಹತ್ತಿರ ಬರ್ತಾನೇ ಇರ್ತವೆ ಮೇಡಂ. ಇನ್ಸುಲಿನ್ ಕೊಡೋದು ನಮಗೇನು ಹೊಸದಾ?’ ಅಂದರು. ಇಂಜೆಕ್ಷನ್‌ಗೆ ಅಂತ ದಿನದ ಚಾರ್ಜ್ ಮೇಲೆ ಇನ್ನೊಂದು ಚಾರ್ಜ್. ಅದೂ ಮುಂಗಡ. ಕೊಟ್ಟೆ. ಇನ್ಸುಲಿನ್, ಬೇಕಾದ್ದಕ್ಕಿಂತ ಜಾಸ್ತಿ ಸಿರಿಂಜ್, ಮೀಟರ್, ಅವನ ಊಟದ ಡಬ್ಬಗಳು, ಎಲ್ಲಾ ಒಂದು ಬ್ಯಾಗಿಗೆ ಹಾಕಿ ಕೊಟ್ಟೆ. ಜೊತೆಗೆ ಒಂದು ಹಾಳೆ. ‘ತಿನ್ನದಿದ್ದರೆ ಇನ್ಸುಲಿನ್ ಕೊಡಬೇಡಿ, ಮೊದಲು ನನಗೆ ಫೋನ್ ಮಾಡಿ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಇನ್ನೊಂದು ಹಾಳೆಯಲ್ಲಿ ಚಾರ್ಟ್: ತಾರೀಖು, ಹೊತ್ತು, ಎಷ್ಟು ತಿಂದ, ಎಷ್ಟು ಯೂನಿಟ್, ಕೊಟ್ಟ ಮೇಲೆ ಟಿಕ್ ಹಾಕಲು ಒಂದು ಚೌಕ. ‘ಎಷ್ಟು ನೀಟಾಗಿ ಬರೆದಿದ್ದೀರಾ ಮೇಡಂ, ಎಲ್ಲರೂ ಹೀಗೆ ಕೊಟ್ಟರೆ ನಮಗೆ ಎಷ್ಟು ಸುಲಭ’ ಅಂತ ಹೊಗಳಿದರು ಬೇರೆ!

ಮೊದಮೊದಲು ಎಲ್ಲಾ ಚೆನ್ನಾಗಿತ್ತು. ಬೆಳಿಗ್ಗೆ ಒಂದು ಫೋಟೋ, ಸಂಜೆ ಒಂದು ಫೋಟೋ. ಗುಂಡ ಕಿಟಕಿಯಲ್ಲಿ, ಗುಂಡ ಚಾಪೆ ಮೇಲೆ. ಅದನ್ನೆಲ್ಲಾ ಗೆಳತಿಯರಿಗೆ ಕಳಿಸಿ, ನೋಡ್ರೇ, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ನೀವೂ ಇಲ್ಲೇ ಬಿಡಿ ಅಂತ ಹೇಳಿದ್ದೆ. ಈಗ ಅವರಿಗೆಲ್ಲಾ ಫೋನ್ ಮಾಡಿ ಬೇಡ ಕಣ್ರೇ ಅಂತ ಹೇಳುವಷ್ಟರಲ್ಲಿ ಸಾಕಾಯಿತು.

ಆಮೇಲೆ ಒಂದು ಫೋಟೋ ಬಂತು. ಗುಂಡ ಮೂಲೆಯಲ್ಲಿ ಮುದುಡಿ ಮಲಗಿದ್ದಾನೆ. ಅವನ ಹಿಂದೆ ಬಟ್ಟಲು. ಬಟ್ಟಲು ತುಂಬಾ ಊಟ. ದೊಡ್ಡದು ಮಾಡಿ ನೋಡಿದೆ, ಮೇಲೆಲ್ಲಾ ಒಣಗಿ ಕಂದು ಪದರ ಕಟ್ಟಿದೆ, ಅಂಚಿನಲ್ಲಿ ಬಿರುಕು ಬಿಟ್ಟಿದೆ.

‘ತಿಂದನಾ?’ ಅಂತ ಕೇಳಿದೆ. ಉತ್ತರಕ್ಕೆ ಒಂದು ಹೆಬ್ಬೆರಳು.

‘ಬಟ್ಟಲು ತುಂಬಿದೆಯಲ್ಲಾ?’

‘ಅದು ಈಗ ಹಾಕಿದ್ದು ಮೇಡಂ, ಫ್ರೆಶ್.’

ಈಗ ಹಾಕಿದ ಊಟ ಪದರ ಕಟ್ಟುತ್ತಾ? ಫೋನ್ ಮಾಡಿದೆ, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜ್: ‘ಇಂಜೆಕ್ಷನ್ ಆಯ್ತು ಮೇಡಂ, ಆರಾಮಾಗಿ ಮಲಗಿದ್ದಾನೆ. ಟೆನ್ಷನ್ ಮಾಡ್ಕೋಬೇಡಿ, ಎಂಜಾಯ್ ಮಾಡಿ.’ ನಾನು ಹೋಗಿದ್ದು ಆಸ್ಪತ್ರೆಯಲ್ಲಿ ಕೂರುವುದಕ್ಕೆ, ಎಂಜಾಯ್ ಮಾಡುವುದಕ್ಕಲ್ಲ. ಇರಲಿ.

ಮನಸ್ಸು ತಡೆಯಲಿಲ್ಲ, ಹೊರಟುಬಂದೆ. ಸಂಜೆ ಇಳಿಯುವ ಮುಂಚೆಯೇ ಅವರ ಬಾಗಿಲಲ್ಲಿದ್ದೆ. ‘ಈಗ ತಾನೇ ಮಲಗಿದ, ನಾಳೆ ಬಂದು ಕರ್ಕೊಂಡು ಹೋಗಿ’ ಅಂದರು. ಇಲ್ಲ, ಈಗಲೇ ಬೇಕು ಅಂದೆ. ಒಳಗಿಂದ ಎತ್ತಿಕೊಂಡು ಬಂದರು, ತಲೆ ಅವರ ತೋಳಿನ ಆಚೆ ಜೋತುಬಿದ್ದಿತ್ತು. ಗಲ್ಲವೆಲ್ಲಾ ಜೊಲ್ಲು. ಬಿಸಿಲು ಮುಖಕ್ಕೇ ಬೀಳುತ್ತಿತ್ತು, ಆದರೂ ಕಣ್ಣಿನ ಪಾಪೆ ಪೂರ್ತಿ ಹಿಗ್ಗಿ ಕಣ್ಣೆಲ್ಲಾ ಕಪ್ಪು. ಬೆಳಕಲ್ಲಿ ಬೆಕ್ಕಿನ ಪಾಪೆ ಗೆರೆಯಷ್ಟಾಗಬೇಕು ಅಲ್ವಾ? ಕೆಳಗೆ ಬಿಟ್ಟರೆ ಹಿಂದಿನ ಕಾಲು ಜಾರುತ್ತಿದೆ, ಕುಡಿದವರ ಹಾಗೆ ಎರಡು ಹೆಜ್ಜೆ ಇಟ್ಟು ಕುಸಿದ. ‘ನಿದ್ದೆಗಣ್ಣು ಮೇಡಂ’ ಅಂದರು. ನಿದ್ದೆಗಣ್ಣಂತೆ!

ಅಲ್ಲೇ ಕಿವಿಯ ಅಂಚು ಚುಚ್ಚಿ ಮೀಟರ್‌ನಲ್ಲಿ ನೋಡಿದೆ. 31. ಬೆಕ್ಕಿಗೆ 60ಕ್ಕಿಂತ ಕೆಳಗೆ ಹೋದರೇ ಸಕ್ಕರೆ ಇಳಿದಿದೆ ಅಂತ ಅರ್ಥ. ಇದು ಅದರ ಅರ್ಧ.

ಜೇನು ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತೆ. ಬೆರಳಿಗೆ ಹಚ್ಚಿಕೊಂಡು, ತುಟಿ ಎತ್ತಿ, ಒಸಡಿಗೆ ಉಜ್ಜಿದೆ. ಬಾಯಿಗೆ ಸುರಿಯಬಾರದು, ನುಂಗುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತೆ. ಒಸಡಿಗೆ ಉಜ್ಜುವುದಷ್ಟೇ. ಡಾಕ್ಟರ್‌ಗೆ ದಾರಿಯಲ್ಲೇ ಫೋನ್ ಮಾಡಿ, ಬರುತ್ತಿದ್ದೇವೆ, ಡ್ರಿಪ್ ರೆಡಿ ಇಡಿ ಅಂದೆ. ಗಾಡಿಯಲ್ಲಿ ಫಿಟ್ಸ್ ಬಂತು. ನಾಲ್ಕೂ ಕಾಲು ಗಾಳಿಯಲ್ಲಿ ಈಜುವ ಹಾಗೆ ಬಡಿಯುತ್ತಿದ್ದವು, ದವಡೆ ಕಟಕಟ ಅನ್ನುತ್ತಿತ್ತು. ಆ ಹೊತ್ತಲ್ಲಿ ಬಾಯಿಗೆ ಬೆರಳು ಹಾಕಬೇಡಿ, ಕಚ್ಚಿದರೆ ಅದಕ್ಕೂ ಗೊತ್ತಾಗುವುದಿಲ್ಲ. ಟವೆಲ್ ಮೇಲೆ ಮಲಗಿಸಿ, ಎಲ್ಲೂ ಬಡಿಯದ ಹಾಗೆ ಹಿಡಿದುಕೊಂಡಿದ್ದೆ. ನಿಂತ ಮೇಲೆ ಮತ್ತೆ ಒಸಡಿಗೆ ಜೇನು.

ಡ್ರಿಪ್ ಹಾಕುತ್ತಾ ಡಾಕ್ಟರ್ ಕೇಳಿದ ಮೊದಲ ಮಾತು, ‘ಎಷ್ಟು ಯೂನಿಟ್ ಕೊಟ್ಟಿದ್ದರು, ಯಾವಾಗ?’ ಎರಡು ಅಂದೆ. ಎರಡು ಯೂನಿಟ್‌ಗೆ, ಅದೂ ಇಷ್ಟು ದಿನ ಸರಿಯಾಗಿದ್ದ ಬೆಕ್ಕು, ಹೀಗಾಗುತ್ತಾ ಅಂತ ಅವರಿಗೂ ಅನುಮಾನ. ಚಾರ್ಟ್ ಇದೆಯಾ ಅಂದರು. ಬ್ಯಾಗ್ ತೆಗೆದೆ.

ಚಾರ್ಟ್‌ನಲ್ಲಿ ಎಲ್ಲಾ ಚೌಕಕ್ಕೂ ಟಿಕ್ ಇತ್ತು. ಒಂದೇ ಪೆನ್ನು, ಒಂದೇ ಕೈ, ಒಂದೇ ಓರೆ. ಎಲ್ಲದಕ್ಕೂ ‘ಪೂರ್ತಿ ತಿಂದ’ ಅಂತ ಬರೆದಿತ್ತು. ಕಣ್ಣು ಕೆಳಗೆ ಹೋಯಿತು. ಅವತ್ತು ರಾತ್ರಿಯ ಚೌಕಕ್ಕೂ ಟಿಕ್. ಸೂರ್ಯ ಇನ್ನೂ ಮುಳುಗಿಲ್ಲ, ರಾತ್ರಿಯ ಇನ್ಸುಲಿನ್ ಕೊಟ್ಟಾಗಿದೆ, ಗುಂಡ ಪೂರ್ತಿ ತಿಂದಿದ್ದಾನೆ! ಮರುದಿನ ಬೆಳಿಗ್ಗೆಯದಕ್ಕೂ ಟಿಕ್. ಆ ಹಾಳೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಾನು ಗೆರೆ ಎಳೆದು, ಚೌಕ ಹಾಕಿ, ನೀಟಾಗಿ ಮಾಡಿಕೊಟ್ಟಿದ್ದು ಅವರಿಗೆ ಸುಳ್ಳು ಹೇಳಲು ಸುಲಭ ಆಗಲಿ ಅಂತಲಾ?

ಅಷ್ಟೇ ಅಲ್ಲ. ಡಾಕ್ಟರ್ ಬ್ಯಾಗಿಗೆ ಕೈ ಹಾಕಿ ಒಂದು ಸಿರಿಂಜ್ ಎತ್ತಿದರು. ಕೆಂಪು ಮುಚ್ಚಳ. ನಾನು ಕೊಟ್ಟಿದ್ದೆಲ್ಲಾ ಕಿತ್ತಳೆ ಬಣ್ಣದ ಮುಚ್ಚಳದವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದೇ ಮುಖ್ಯ. ಗ್ಲಾರ್ಜಿನ್‌ನ ಮಾಮೂಲಿ ಬಾಟಲಿಯಲ್ಲಿ ಒಂದು ಎಂ.ಎಲ್‌ಗೆ 100 ಯೂನಿಟ್ ಇರುತ್ತೆ. ಅದಕ್ಕೆ ಯು-100 ಸಿರಿಂಜ್, ಸಾಮಾನ್ಯವಾಗಿ ಕಿತ್ತಳೆ ಮುಚ್ಚಳ. ಒಂದು ಎಂ.ಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗಳೂ ಇವೆ, ಪ್ರಾಣಿಗಳಿಗೆ ಅಂತಲೇ ಬರುವ ಕ್ಯಾನಿನ್ಸುಲಿನ್, ಪ್ರೋಜಿಂಕ್ ಇಂಥವು. ಅವಕ್ಕೆ ಯು-40 ಸಿರಿಂಜ್, ಸಾಮಾನ್ಯವಾಗಿ ಕೆಂಪು ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ‘2’ ಅನ್ನುವ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 2 ಅಲ್ಲ, 5 ಯೂನಿಟ್. ಎರಡೂವರೆ ಪಟ್ಟು. ಅದೂ ತಿನ್ನದೆ ಖಾಲಿ ಹೊಟ್ಟೆಯಲ್ಲಿರುವ ಬೆಕ್ಕಿಗೆ.

ಆಸ್ಪತ್ರೆಯಿಂದಲೇ ಫೋನ್ ಮಾಡಿದೆ, ಡಾಕ್ಟರ್ ಎದುರಿಗೇ, ಸ್ಪೀಕರ್ ಹಾಕಿ. ಅವರ ಉತ್ತರಗಳು ನೋಡಿ.

ಮೊದಲು: ‘ಸಿರಿಂಜ್ ಮುಗಿದಿತ್ತು ಮೇಡಂ, ನೀವು ಕಮ್ಮಿ ಕೊಟ್ಟಿದ್ರಿ. ನಮ್ಮ ದುಡ್ಡಲ್ಲೇ ತಂದ್ವಿ.’ ಉಪಕಾರ ಮಾಡಿದ ಹಾಗೆ. ಬಾಕ್ಸ್ ತುಂಬಾ ಕೊಟ್ಟಿದ್ದೆನಲ್ಲಾ ಅಂದರೆ, ‘ಅದು ನೀರು ಬಿದ್ದು ಹಾಳಾಯ್ತು.’ ಮುಗಿದಿತ್ತಾ, ಹಾಳಾಯ್ತಾ? ‘ಎರಡೂ ಮೇಡಂ.’ ನಕ್ಕುಬಿಡಬೇಕು, ಆದರೆ ಪಕ್ಕದ ಟೇಬಲ್ ಮೇಲೆ ಗುಂಡ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದ.

ಆಮೇಲೆ ಬಂತು ಆ ಮಾತು: ‘ಸಿರಿಂಜ್ ಎಲ್ಲಾ ಒಂದೇ ಅಲ್ವಾ ಮೇಡಂ, ಮುಚ್ಚಳದ ಬಣ್ಣ ಬೇರೆ ಅಷ್ಟೇ.’ ಡಾಕ್ಟರ್ ತಲೆ ಮೇಲೆ ಕೈ ಇಟ್ಟುಕೊಂಡರು. ಇನ್ಸುಲಿನ್ ಕೊಡೋದು ನಮಗೇನು ಹೊಸದಾ ಅಂದವರು ಇವರೇ ತಾನೇ?

ತಿನ್ನದಿದ್ದರೆ ಕೊಡಬೇಡಿ ಅಂತ ಬರೆದಿದ್ದೆನಲ್ಲಾ ಅಂದರೆ, ‘ಕೊಡದೆ ಸಕ್ಕರೆ ಏರಿ ಏನಾದ್ರೂ ಆಗಿದ್ರೆ ಆಗಲೂ ನಮ್ಮನ್ನೇ ಕೇಳ್ತಿದ್ರಿ.’ ಕೇಳಲು ಚೆನ್ನಾಗಿದೆ ಈ ವಾದ. ನಿಜ ಏನೆಂದರೆ, ಒಂದು ಡೋಸ್ ತಪ್ಪಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದಿನಗಟ್ಟಲೆ ಕೊಡದಿದ್ದರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ ವಾಂತಿ, ಸುಸ್ತು, ಜೋರು ಉಸಿರು, ಅದೂ ಜೀವಕ್ಕೆ ಕುತ್ತೇ. ಆದರೆ ಜಾಸ್ತಿ ಹೋದ ಇನ್ಸುಲಿನ್ ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತೆ. ಅನುಮಾನ ಬಂದರೆ ಆ ಡೋಸ್ ಬಿಟ್ಟು ಫೋನ್ ಮಾಡಿ ಅನ್ನುವುದು ಅದಕ್ಕೇ.

ಮರುದಿನ ಎಲ್ಲೋ ಹುಡುಕಿ ಓದಿಕೊಂಡು ಮೆಸೇಜ್ ಹಾಕಿದ್ದರು: ‘ನಿಮ್ಮದು ಮನುಷ್ಯರ ಮೀಟರ್, ಬೆಕ್ಕಿಗೆ ಕಮ್ಮಿ ತೋರಿಸುತ್ತೆ.’ ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಮ್ಮಿ ತೋರಿಸುವುದು ಹೌದು. ಫಿಟ್ಸ್ ಬಂದಿದ್ದೂ ಮೀಟರ್ ತಪ್ಪಾ? ಆಸ್ಪತ್ರೆಯ ರಕ್ತ ಪರೀಕ್ಷೆಯಲ್ಲೂ ಇಳಿದೇ ಇತ್ತಲ್ಲಾ, ಅದೂ ತಪ್ಪಾ?

ಎಲ್ಲಕ್ಕಿಂತ ದೊಡ್ಡದು ಇದು. ಅಕ್ಷರಕ್ಕೆ ಅಕ್ಷರ ಹಾಕುತ್ತಿದ್ದೇನೆ: ‘ಶುಗರ್ ಇರೋ ಬೆಕ್ಕಿಗೆ ಜೇನು ತಿನ್ನಿಸಿದ್ದು ನೀವು ಮೇಡಂ. ನಮ್ಮ ಮನೆಯಿಂದ ಹೋಗುವಾಗ ಫಿಟ್ಸ್ ಇರಲಿಲ್ಲ.’ ಓದಿ ಬಾಯಿ ಕಟ್ಟಿಹೋಯಿತು. ಅವತ್ತು ಜೇನು ಹಚ್ಚದಿದ್ದರೆ ಆಸ್ಪತ್ರೆ ತನಕ ಬರುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಅದನ್ನು ತಿಳಿಸಿದ್ದಕ್ಕೆ ಮತ್ತದೇ ಹೆಬ್ಬೆರಳು.

ಗುಂಡ ಬದುಕಿದ. ಗ್ಲಾರ್ಜಿನ್ ಗಂಟೆಗಟ್ಟಲೆ ಕೆಲಸ ಮಾಡುವ ಇನ್ಸುಲಿನ್, ಹಾಗಾಗಿ ಸಕ್ಕರೆ ಏರಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಇಳಿಯುತ್ತಿತ್ತು. ರಾತ್ರಿಯಿಡೀ ಡ್ರಿಪ್, ಮತ್ತೆ ಮತ್ತೆ ಕಿವಿ ಚುಚ್ಚಿ ನೋಡುವುದು. ಜೇನು ಹಚ್ಚಿದ ಮೇಲೆ ಎದ್ದು ಕೂತ, ಇನ್ನೇನಿಲ್ಲ ಅಂತ ಮನೆಯಲ್ಲೇ ಉಳಿಯಬೇಡಿ ಅನ್ನುವುದು ಇದಕ್ಕೇ. ಮನೆಗೆ ಬಂದ ಮೇಲೂ ಕುರ್ಚಿ ಕಾಲಿಗೆ ಢಿಕ್ಕಿ ಹೊಡೆಯುತ್ತಿದ್ದ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಈಗ ಕಾಣುತ್ತಿದೆ. ಡೋಸ್ ಮತ್ತೆ ಹೊಸದಾಗಿ, ಕಮ್ಮಿಯಿಂದ ಶುರು.

ಬಿಡಲೇಬೇಕಾಗಿ ಬಂದರೆ ನಾನು ಹೇಳುವುದಿಷ್ಟು. ಇನ್ಸುಲಿನ್ ಕೊಡುವುದು ಗೊತ್ತು ಅಂದವರ ಬಾಯಿ ಮಾತು ನಂಬಬೇಡಿ, ನಿಮ್ಮ ಎದುರಿಗೇ ಸಿರಿಂಜ್ ತುಂಬಿಸಿ ತೋರಿಸಲಿ. 40ಕ್ಕೂ 100ಕ್ಕೂ ಏನು ವ್ಯತ್ಯಾಸ ಅಂತ ಕೇಳಿ, ತಡವರಿಸಿದರೆ ಬೆಕ್ಕನ್ನು ಎತ್ತಿಕೊಂಡು ವಾಪಸ್ ಬನ್ನಿ. ಟಿಕ್ ಹಾಕುವ ಚಾರ್ಟ್ ಸುಮ್ನೆ ದಂಡ, ಪ್ರತಿ ಸಲ ಬಟ್ಟಲಿನದ್ದೂ ಸಿರಿಂಜ್‌ನದ್ದೂ ವಿಡಿಯೋ ಕೇಳಿ. ನನ್ನನ್ನು ಕೇಳಿದರೆ, ಬೋರ್ಡಿಂಗೇ ಬೇಡ. ಡಾಕ್ಟರ್ ಇರುವ ಕಡೆಯೇ ಬಿಡಿ, ಇಲ್ಲ ಊರಿಗೇ ಹೋಗಬೇಡಿ. ಅತಿಯಾಯಿತು ಅನಿಸಿದರೆ ಅನಿಸಲಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ‘ಸೇವೆ ಕೊಟ್ಟಾಗಿದೆ’ ಅಂದರು. ಇಂಜೆಕ್ಷನ್ ಚಾರ್ಜನ್ನಾದರೂ ಕೊಡಿ ಅಂದರೆ, ‘ಇಂಜೆಕ್ಷನ್ ಕೊಟ್ಟಿದ್ದೀವಲ್ಲಾ ಮೇಡಂ.’ ಕೊಟ್ಟಿದ್ದಾರೆ, ಹೌದು, ಎರಡೂವರೆ ಪಟ್ಟು ಕೊಟ್ಟಿದ್ದಾರೆ. ಕೆಟ್ಟದಾಗಿ ಏನೂ ಬರೆಯದಿದ್ದರೆ ಮುಂದಿನ ಸಲ ಗುಂಡನನ್ನು ಫ್ರೀಯಾಗಿ ನೋಡಿಕೊಳ್ಳುತ್ತಾರಂತೆ. ಮುಂದಿನ ಸಲ!

ಇದನ್ನು ಬರೆಯುತ್ತಾ ಕೂತಿರುವಾಗಲೇ ಇನ್ನೊಂದು ಮೆಸೇಜ್ ಬಂದಿದೆ. ಚಾರ್ಟ್ ಅವರ ರೆಕಾರ್ಡಂತೆ, ವಾಪಸ್ ಬೇಕಂತೆ, ಹುಡುಗನನ್ನು ಕಳಿಸುತ್ತಾರಂತೆ. ಚಾರ್ಟ್ ಡಾಕ್ಟರ್ ಹತ್ತಿರ ಗುಂಡನ ಫೈಲಿನಲ್ಲಿದೆ, ಕೆಂಪು ಮುಚ್ಚಳದ ಸಿರಿಂಜ್ ಜೊತೆಗೆ. ಬೇಕಾದರೆ ಅಲ್ಲೇ ಹೋಗಿ ಕೇಳಲಿ.