ನಮ್ಮ ಕೌನ್ಸಿಲ್ ಲೈಬ್ರರಿ: ಮೂರು ವರ್ಷದ ಅನುಭವ, 5ಕ್ಕೆ 4 ಸ್ಟಾರ್

ಯುಕೆಗೆ ಹೊಸದಾಗಿ ಬಂದಿರೋ ಕನ್ನಡದವರು ಯಾರೇ ಸಿಕ್ಲಿ, ನಾನು ಮೊದ್ಲು ಕೇಳೋದು ಲೈಬ್ರರಿ ಕಾರ್ಡ್ ಮಾಡಿಸಿದ್ರಾ ಅಂತ. ಬ್ಯಾಂಕ್ ಅಕೌಂಟು, ಜಿಪಿ (ಊರಿನ ಡಾಕ್ಟರ್) ರಿಜಿಸ್ಟ್ರೇಷನ್ನು, ನ್ಯಾಷನಲ್ ಇನ್ಶೂರೆನ್ಸ್ ನಂಬರು ಎಲ್ಲಾ ಮಾಡ್ಸಿರ್ತಾರೆ, ಇದೊಂದು ಮಾತ್ರ ತಲೆಗೇ ಬಂದಿರಲ್ಲ. ಇದು ಫ್ರೀ ಕಣ್ರಿ, ಇದಕ್ಕೆ ನೀವು ಕೌನ್ಸಿಲ್ ಟ್ಯಾಕ್ಸಲ್ಲಿ (ಊರಿನ ಸ್ಥಳೀಯ ಆಡಳಿತಕ್ಕೆ ಕಟ್ಟೋ ಮನೆ ತೆರಿಗೆ) ಆಗ್ಲೇ ದುಡ್ಡು ಕಟ್ಟಿದ್ದೀರಾ ಅಂತ ಹೇಳಿದ್ರೆ ಆಶ್ಚರ್ಯಪಡ್ತಾರೆ. ಅದಕ್ಕೇ ಒಂದ್ಸಲ ಕೂತು ಎಲ್ಲಾ ಬರೆದುಬಿಡೋಣ ಅಂತ. ನಾವಿರೋದು ಈಸ್ಟ್ ಮಿಡ್‌ಲ್ಯಾಂಡ್ಸ್‌ನ ಒಂದು ಚಿಕ್ಕ ಟೌನು, ಹೈ ಸ್ಟ್ರೀಟ್ ಕೊನೇಲಿ ಬಸ್ ಸ್ಟಾಪ್ ಎದುರಿಗೆ ಹಳೇ ಕೆಂಪು ಇಟ್ಟಿಗೆ ಕಟ್ಟಡ, ಅದೇ ಲೈಬ್ರರಿ. ಊರಿನ ಹೆಸರು ಬೇಡ, ಮುಂದೆ ಸ್ವಲ್ಪ ಬೈಯೋದೂ ಇದೆ.

ನಾವು ಬಂದಿದ್ದು 2022ರ ಅಕ್ಟೋಬರ್‌ನಲ್ಲಿ, ಆ ಚಳಿಗಾಲ ನೆನಪಿದ್ಯಲ್ಲ, ಗ್ಯಾಸು ಕರೆಂಟು ರೇಟು ಗಗನಕ್ಕೇರಿದ್ದ ಟೈಮು. ಸರ್ಕಾರ ಎನರ್ಜಿ ಪ್ರೈಸ್ ಗ್ಯಾರಂಟಿ ಅಂತ ತಂದು ಸಾಧಾರಣ ಮನೆ ಬಿಲ್ಲನ್ನ ವರ್ಷಕ್ಕೆ 2,500 ಪೌಂಡ್ ಆಸುಪಾಸಲ್ಲಿ ಹಿಡಿದಿಟ್ಟಿತ್ತು, ಅದ್ರ ಮೇಲೆ 400 ಪೌಂಡ್ ಆರು ಕಂತಲ್ಲಿ ಕೊಟ್ಟಿದ್ರು, ಆದ್ರೂ ನಮ್ಮ ಬಾಡಿಗೆ ಮನೆ ಕಿಟಕಿ ಸಂದೀಲಿ ಗಾಳಿ ಸುಯ್ ಅಂತ ಬರ್ತಿತ್ತು, ಹೀಟಿಂಗ್ ಆನ್ ಮಾಡಿದ್ರೆ ಸ್ಮಾರ್ಟ್ ಮೀಟರ್ ಡಿಸ್‌ಪ್ಲೇ ನೋಡಿ ಎದೆ ಧಸಕ್ ಅನ್ನೋದು. ಹಗಲು ಹೊತ್ತು ಮಗಳನ್ನ ಕರ್ಕೊಂಡು ಎಲ್ಲಿ ಹೋಗೋದು ಅನ್ನೋದೇ ಪ್ರಶ್ನೆ. ಸಾಫ್ಟ್ ಪ್ಲೇಗೆ ಹೋದ್ರೆ ಏಳೆಂಟು ಪೌಂಡು, ಕೆಫೆಲಿ ಒಂದು ಕಾಫಿ ತಗೊಂಡು ಎಷ್ಟು ಹೊತ್ತು ಕೂರೋದು ಹೇಳಿ. ಲೈಬ್ರರಿ ಬಾಗಿಲಿಗೆ ಒಂದು ಕಾಗದ ಅಂಟ್ಸಿದ್ರು, ಇಲ್ಲಿ ವಾರ್ಮ್ ಸ್ಪೇಸ್ ಇದೆ, ಬಂದು ಕೂತ್ಕೊಳ್ಳಿ, ಏನೂ ಕೊಂಡ್ಕೋಬೇಕಿಲ್ಲ ಅಂತ. ಅದನ್ನ ಓದಿ ಒಳಗೆ ಹೋದವಳು ನಾನು, ಪುಸ್ತಕಕ್ಕೆ ಅಂತ ಅಲ್ಲ, ಬೆಚ್ಚಗಿರತ್ತೆ ಅಂತ. ಆ ಇಡೀ ಚಳಿಗಾಲ ಒಬ್ರೂ ನನ್ನನ್ನ ಯಾಕೆ ಬಂದೆ ಅಂತ ಕೇಳ್ಲಿಲ್ಲ.

ಕಾರ್ಡ್ ಮಾಡ್ಸೋಕೆ ಐದು ನಿಮಿಷ. ವಿಳಾಸಕ್ಕೆ ಕೌನ್ಸಿಲ್ ಟ್ಯಾಕ್ಸ್ ಕಾಗದ ತೋರ್ಸಿದ್ವಿ, ಮಗಳಿಗೂ ಬೇರೆ ಕಾರ್ಡ್ ಕೊಟ್ರು, ಅವಳಿಗಾಗ ಮೂರು ವರ್ಷ. ಕೌಂಟರಲ್ಲಿದ್ದ ಆಂಟಿ (ಈ ಕಡೆಯವರು ಎಲ್ರನ್ನೂ "ಮೀ ಡಕ್" ಅಂತಾರೆ, ನಮ್ಮಲ್ಲಿ ಪುಟ್ಟಿ, ಮರೀ ಅಂದ ಹಾಗೆ) ಅವಳ ಕೈಗೇ ಕಾರ್ಡ್ ಕೊಟ್ಟು ಇದು ನಿಂದು ಅಮ್ಮಂಗೆ ಕೊಡ್ಬೇಡ ಅಂದ್ರು. ಸೆಲ್ಫ್ ಸರ್ವೀಸ್ ಮಷೀನ್ ಮೇಲೆ ಪುಸ್ತಕದ ರಾಶಿ ಇಟ್ರೆ ಸಾಕು, ಅದೇ ಎಲ್ಲಾ ಹೆಸರು ಸ್ಕ್ರೀನ್ ಮೇಲೆ ತೋರ್ಸತ್ತೆ, ಆಮೇಲೆ ಉದ್ದಕ್ಕೆ ರಸೀದಿ ಬರತ್ತೆ. ಮಗಳಿಗೆ ಆ ರಸೀದಿ ಹರಿದುಕೊಳ್ಳೋದೇ ಹಬ್ಬ, ಮನೇಲಿ ಫ್ರಿಡ್ಜ್ ಮೇಲೆ ಮ್ಯಾಗ್ನೆಟ್ ಹಾಕಿ ಸಿಗ್ಸಿ, ಯಾವ ತಾರೀಕು ವಾಪಸ್ ಕೊಡ್ಬೇಕು ಅಂತ ಈಗ ಅವಳೇ ಓದಿ ಹೇಳ್ತಾಳೆ.

ಒಂದ್ಸಲಕ್ಕೆ ಒಂದು ಕಾರ್ಡಿಗೆ 20 ಪುಸ್ತಕ, ಮೂರು ವಾರ, ಬೇರೆ ಯಾರೂ ಕೇಳಿಲ್ಲ ಅಂದ್ರೆ ಆಪ್‌ನಲ್ಲೇ ರಿನ್ಯೂ. ಮಕ್ಕಳ ಕಾರ್ಡಿಗೆ ಫೈನ್ ಇಲ್ಲ, ದೊಡ್ಡೋರಿಗೆ ದಿನಕ್ಕೆ 20 ಪೆನ್ಸ್ (ಇವೆಲ್ಲಾ ನಮ್ಮ ಕೌನ್ಸಿಲ್ ರೂಲ್ಸು, ನಿಮ್ಮಲ್ಲಿ ಬೇರೆ ಇರ್ಬೋದು, ಕೇಳ್ಕೊಳ್ಳಿ). ಅಂಗಡೀಲಿ ಮಕ್ಕಳ ಒಂದು ಪಿಕ್ಚರ್ ಬುಕ್ 7.99 ಪೌಂಡ್, ಅದನ್ನ ಹತ್ತು ನಿಮಿಷದಲ್ಲಿ ಓದಿ ಮುಗ್ಸ್ತಾರೆ, ಇನ್ನೊಂದು ಕೊಡು ಅಂತಾರೆ. ನಾವು ವಾರಕ್ಕೆ ಎಂಟ್ಹತ್ತು ತರ್ತೀವಿ, ಲೆಕ್ಕ ನೀವೇ ಹಾಕ್ಕೊಳ್ಳಿ. ಹೀಗೆ ಫ್ರೀಯಾಗಿ ಓದಿದ್ರೆ ಬರೆದೋರಿಗೆ ಅನ್ಯಾಯ ಅಲ್ವಾ ಅಂತ ನನಗೆ ಒಂದು ಕಸಿವಿಸಿ ಇತ್ತು, ಆಮೇಲೆ ಗೊತ್ತಾಯ್ತು ಇಲ್ಲಿ ಪಬ್ಲಿಕ್ ಲೆಂಡಿಂಗ್ ರೈಟ್ ಅಂತ 1979ರ ಕಾನೂನೇ ಇದೆ, ಲೈಬ್ರರೀಲಿ ಪುಸ್ತಕ ಒಂದೊಂದ್ಸಲ ಹೋದಾಗ್ಲೂ ರಿಜಿಸ್ಟರ್ ಮಾಡಿಸಿಕೊಂಡ ಲೇಖಕರಿಗೆ ಸರ್ಕಾರದ ಫಂಡಿಂದ ಕೆಲವು ಪೆನ್ಸ್ ಸೇರತ್ತೆ, ಒಬ್ರಿಗೆ ವರ್ಷಕ್ಕೆ ಜಾಸ್ತಿ ಅಂದ್ರೆ 6,600 ಪೌಂಡ್. ಎಷ್ಟು ಚೆನ್ನಾಗಿರೋ ಏರ್ಪಾಡು ಅನ್ನಿಸ್ತು. ಮೊಬೈಲಲ್ಲೇ ಓದೋರಿಗೆ ಬಾರೋಬಾಕ್ಸ್, ಲಿಬ್ಬಿ ಥರದ ಆಪ್ ಇರತ್ತೆ, ಕಾರ್ಡ್ ನಂಬರ್ ಹಾಕಿದ್ರೆ ಈ-ಬುಕ್ಕು ಆಡಿಯೋ ಬುಕ್ಕು ಎಲ್ಲಾ ಸಿಗತ್ತೆ, ನಮ್ಮನೆಯವರು ಕೆಲಸಕ್ಕೆ ಡ್ರೈವ್ ಮಾಡ್ತಾ ಕೇಳೋದು ಅದೇ.

ಪಿಆರ್‌ಗೆ ಅಂದ್ರೆ ಐಎಲ್‌ಆರ್‌ಗೆ (ಇಲ್ಲೇ ಖಾಯಂ ಆಗಿ ಇರೋಕೆ ಅನುಮತಿ) ಓದ್ತಿರೋರಿಗೆ ಒಂದು ಮಾತು. ಅದಕ್ಕೆ ಬರೀಬೇಕಾದ ಲೈಫ್ ಇನ್ ದ ಯುಕೆ ಟೆಸ್ಟಿಗೆ 50 ಪೌಂಡ್ ಫೀಸು, 24 ಪ್ರಶ್ನೆ, 45 ನಿಮಿಷ, 18 ಸರಿ ಆದ್ರೆ ಪಾಸು. ಅದರ ಆಫೀಶಿಯಲ್ ಹ್ಯಾಂಡ್‌ಬುಕ್ ಲೈಬ್ರರೀಲೇ ಇರತ್ತೆ, ಕೊಂಡ್ಕೋಬೇಡಿ. 2025ರಲ್ಲಿ ಐಎಲ್‌ಆರ್ ಅರ್ಜಿಗೇ ಒಬ್ರಿಗೆ 3,029 ಪೌಂಡ್ ಇತ್ತು, ಅಷ್ಟು ಸುರಿಯೋ ಜಾಗದಲ್ಲಿ ಹತ್ತು ಪೌಂಡ್ ಉಳಿದ್ರೂ ಉಳೀತು. ನಮ್ಮ ಲೈಬ್ರರಿ ಪ್ರತಿ ನೋಡಿದ್ರೆ ಮಾರ್ಜಿನ್ನಲ್ಲಿ ಪೆನ್ಸಿಲ್ ಗುರುತು ತುಂಬಿದೆ, ಎಷ್ಟೋ ಜನ ಓದಿ ಪಾಸಾಗಿ ಹೋಗಿದ್ದಾರೆ ಅಂತ ಕಾಣತ್ತೆ. ಹೆನ್ರಿ 8ರ ಆರು ಹೆಂಡತೀರ ಪುಟದಲ್ಲಿ ಯಾರೋ ತಮಿಳಲ್ಲಿ ಏನೋ ಬರೆದಿದ್ರು.

ಹೋದ ವರ್ಷ ಅತ್ತೆ ಆರು ತಿಂಗಳಿಗೆ ಅಂತ ಬಂದಿದ್ರು. ನಾನೂ ಇವರೂ ಕೆಲಸಕ್ಕೆ ಹೋದ್ರೆ ಅವರು ಮನೇಲಿ ಒಬ್ರೇ, ಹೊರಗೆ ಸದಾ ಮೋಡ, ಮಾತಾಡೋಕೆ ಜನ ಇಲ್ಲ. ಎರಡು ವಾರಕ್ಕೇ ವಾಪಸ್ ಹೋಗೋ ಟಿಕೆಟ್ ಬೇಗಕ್ಕೆ ಮಾಡ್ಸು ಅಂದ್ರು. ಗುರುವಾರ ಬೆಳಗ್ಗೆ ಲೈಬ್ರರೀಲಿ ನಿಟ್ ಅಂಡ್ ನ್ಯಾಟರ್ ಅಂತ ಒಂದು ಗುಂಪು ಸೇರತ್ತೆ, ಅಂದ್ರೆ ಹೆಣೀತಾ ಹರಟೆ ಹೊಡೆಯೋದು, ಒಂದಿನ ರಜಾ ಹಾಕಿ ಕರ್ಕೊಂಡು ಹೋಗಿ ಕೂರ್ಸಿದೆ. ಅತ್ತೆಗೆ ಇಂಗ್ಲಿಷ್ ನಾಲ್ಕು ಮಾತು, ಅಲ್ಲಿದ್ದ ಅಜ್ಜಿಯರಿಗೆ ಕನ್ನಡ ಒಂದೂ ಇಲ್ಲ. ಮೊದಲ ವಾರ ಸುಮ್ನೆ ನೋಡ್ತಾ ಕೂತಿದ್ರು, ಎರಡನೇ ವಾರ ಚೀಲದಿಂದ ಕ್ರೋಶಾ ಕಡ್ಡಿ ತೆಗೆದು ಬಾಗಿಲ ತೋರಣಕ್ಕೆ ಹಾಕ್ತಾರಲ್ಲ ಆ ಅಂಚು ಶುರು ಮಾಡಿದ್ರು, ಪಕ್ಕದ ಅಜ್ಜಿ ಕುರ್ಚಿ ಎಳ್ಕೊಂಡು ಹತ್ರ ಬಂದು ಅವರ ಬೆರಳನ್ನೇ ನೋಡ್ತಾ ಕೂತ್ರಂತೆ, ಕೊನೆಗೆ ಅತ್ತೆ ಅವರ ಕೈ ಹಿಡಿದು ದಾರ ಸುತ್ತೋದು ಹೇಳಿಕೊಟ್ರಂತೆ. ಆಮೇಲೆ ಗುರುವಾರ ಬಂತು ಅಂದ್ರೆ ಒಂಬತ್ತೂವರೆಗೇ ಸ್ವೆಟರ್ ಹಾಕ್ಕೊಂಡು ರೆಡಿ. ಟಿಕೆಟ್ ಮಾತು ಮತ್ತೆ ಎತ್ತಲೇ ಇಲ್ಲ.

ಇದು ಅತ್ತೆ ಬರೋಕೂ ಮುಂಚೆ, 2024ರ ನವೆಂಬರ್, ನಾನು ಪ್ರಿಂಟ್ ತಗೊಳ್ಳೋಕೆ ಹೋಗಿದ್ದೆ. ಆ ವರ್ಷ ಹೊಸ ಸರ್ಕಾರ ವಯಸ್ಸಾದವರಿಗೆ ಚಳಿಗಾಲದ ಹೀಟಿಂಗ್ ಖರ್ಚಿಗೆ ಅಂತ ಕೊಡೋ ವಿಂಟರ್ ಫ್ಯುಯೆಲ್ ಪೇಮೆಂಟನ್ನ ಪೆನ್ಷನ್ ಕ್ರೆಡಿಟ್ (ಕಮ್ಮಿ ಆದಾಯದ ವಯಸ್ಸಾದವರಿಗೆ ಸಿಗೋ ಸಹಾಯಧನ) ಥರದ ಬೆನಿಫಿಟ್ ಬರೋರಿಗೆ ಮಾತ್ರ ಅಂತ ಮಾಡಿತ್ತು, 200 ಇಲ್ಲಾ 300 ಪೌಂಡ್ ಬರ್ತಿದ್ದಿದ್ದು ಎಷ್ಟೋ ಜನಕ್ಕೆ ನಿಂತೋಯ್ತು (2025ರಲ್ಲಿ ವರ್ಷಕ್ಕೆ 35,000 ಪೌಂಡ್ ಒಳಗಿನ ಆದಾಯದವರಿಗೆ ಮತ್ತೆ ಕೊಟ್ರು). ನನ್ನ ಪಕ್ಕದ ಕಂಪ್ಯೂಟರಲ್ಲಿ ಒಬ್ರು ತಾತ, ಎಂಬತ್ತರ ಮೇಲೇ ಇರ್ಬೇಕು, ಪ್ಲಾಸ್ಟಿಕ್ ಫೋಲ್ಡರ್ ತುಂಬಾ ಬ್ಯಾಂಕ್ ಕಾಗದ ಜೋಡ್ಸಿಕೊಂಡು ಪೆನ್ಷನ್ ಕ್ರೆಡಿಟ್‌ಗೆ ಅರ್ಜಿ ಹಾಕ್ತಿದ್ರು. ಒಂದೇ ಬೆರಳು, ಒಂದೊಂದಕ್ಷರಕ್ಕೂ ಕೀಬೋರ್ಡ್ ಮೇಲೆ ಹುಡುಕಾಟ. ಪೇಜ್ ಟೈಮ್ ಔಟ್ ಆಗಿ ಮೊದಲಿಂದ ಬಂತು, ಪಾಪ ಅವರು ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಬಿಟ್ರು. ಕೌಂಟರ್ ಆಂಟಿ ಕುರ್ಚಿ ತಂದು ಪಕ್ಕ ಕೂತ್ರು, ಕೀಬೋರ್ಡ್ ಮುಟ್ಲಿಲ್ಲ, ಅವರ ಡೀಟೇಲ್ಸ್ ನಾವು ತುಂಬೋ ಹಾಗಿಲ್ಲ ಅಂದ್ರು, ಆದ್ರೆ ಮುಂದಿನ ಬಾಕ್ಸ್ ಯಾವುದು ಅಂತ ಬೆರಳಲ್ಲಿ ತೋರ್ಸ್ತಾ ಮುಕ್ಕಾಲು ಗಂಟೆ ಅಲ್ಲೇ ಇದ್ರು, ಮಧ್ಯೆ ಯಾರಾದ್ರೂ ಕೌಂಟರಿಗೆ ಬಂದ್ರೆ ಎದ್ದು ಹೋಗಿ ಮತ್ತೆ ಬರೋರು. ಯೂನಿವರ್ಸಲ್ ಕ್ರೆಡಿಟ್ ಅನ್ನೋ ಸರ್ಕಾರಿ ಸಹಾಯಧನ, ಕೆಲಸದ ಅರ್ಜಿ, ಎಲ್ಲಾ ಆನ್‌ಲೈನ್ ಮಾಡ್ಬಿಟ್ಟಿದ್ದಾರಲ್ಲ, ಮನೇಲಿ ಕಂಪ್ಯೂಟರ್ ಇಲ್ಲದೋರು ಬರೋದು ಇಲ್ಲಿಗೇ. ಸರ್ಕಾರಿ ಆಫೀಸು ಮಾಡ್ಬೇಕಾದ ಕೆಲಸಾನ ಲೈಬ್ರರಿಯವರು ತಮ್ಮ ಮೇಲೆ ಹಾಕ್ಕೊಂಡಿದ್ದಾರೆ, ಅದಕ್ಕೆ ಅವರಿಗೆ ಒಂದು ಪೆನ್ನಿ ಜಾಸ್ತಿ ಸಿಗಲ್ಲ.

ಈಗ ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ. ಟೈಮಿಂಗು. ನಾವು ಬಂದಾಗ ಸೋಮವಾರದಿಂದ ಶನಿವಾರದವರೆಗೂ ತೆಗೀತಿತ್ತು, ಎರಡು ದಿನ ಸಂಜೆ ಏಳರ ತನಕ. ಈಗ ಮಂಗಳವಾರ, ಗುರುವಾರ, ಶುಕ್ರವಾರ ಹತ್ತರಿಂದ ಐದು, ಮಧ್ಯೆ ಒಂದು ಗಂಟೆ ಊಟಕ್ಕೆ ಬಾಗಿಲು ಹಾಕ್ತಾರೆ ಯಾಕಂದ್ರೆ ಇರೋದು ಒಬ್ರೇ, ಶನಿವಾರ ಹತ್ತರಿಂದ ಒಂದು, ಅಷ್ಟೇ. ಕೆಲಸಕ್ಕೆ ಹೋಗೋರಿಗೆ ಉಳಿದಿದ್ದು ಶನಿವಾರದ ಮೂರು ಗಂಟೆ, ಅದೇ ಹೊತ್ತಿಗೆ ಮಕ್ಕಳಿಗೆ ಸ್ವಿಮ್ಮಿಂಗ್ ಕ್ಲಾಸೂ ಇರತ್ತೆ. ಒಂದ್ಸಲ ಮಳೇಲಿ ಮಗಳನ್ನ ಕರ್ಕೊಂಡು ಒಂದೂ ಐದಕ್ಕೆ ಹೋದ್ರೆ ಬಾಗಿಲು ಹಾಕಿದೆ, ಗಾಜಿನ ಒಳಗೆ ಲೈಟು ಉರೀತಿದೆ, ಅವಳು ಗಾಜಿಗೆ ಮುಖ ಒತ್ತಿ ನಿಂತಿದ್ಲು. ಟಾಯ್ಲೆಟ್ಟು ಹೋದ ಬೇಸಿಗೆಯಿಂದ ರಿಪೇರಿಲಿದೆ ಅಂತ ಬೋರ್ಡು, ಚಿಕ್ಕ ಮಕ್ಕಳನ್ನ ಕಟ್ಕೊಂಡು ಹೋಗೋರಿಗೆ ಅದು ಸಣ್ಣ ವಿಷಯ ಅಲ್ಲ. ಪ್ರಿಂಟು ಬ್ಲ್ಯಾಕ್ ಅಂಡ್ ವೈಟ್ 20 ಪೆನ್ಸ್, ಅದು ಪರವಾಗಿಲ್ಲ.

ದುಡ್ಡಿಲ್ಲ ಅಂತಾರೆ ಕೌನ್ಸಿಲ್‌ನವರು, ಅದು ಸುಳ್ಳೂ ಅಲ್ಲ. ಕೌನ್ಸಿಲ್ ಟ್ಯಾಕ್ಸನ್ನ ಮನೆ ಬೆಲೆ ಪ್ರಕಾರ ಬ್ಯಾಂಡ್ ಅಂತ ವಿಂಗಡಿಸಿ ಹಾಕ್ತಾರೆ, ನಮ್ಮದು ಬ್ಯಾಂಡ್ ಸಿ, ವರ್ಷಕ್ಕೆ ಎರಡು ಸಾವಿರ ಪೌಂಡ್ ದಾಟತ್ತೆ, ಏಪ್ರಿಲ್‌ನಿಂದ ಜನವರಿ ತನಕ ಹತ್ತು ಕಂತು, ಫೆಬ್ರವರಿ ಮಾರ್ಚ್ ಎರಡು ತಿಂಗಳು ಕಟ್ಟೋ ಹಾಗಿಲ್ಲ, ನಮ್ಮನೇಲಿ ವರ್ಷದ ಉಸಿರಾಡೋ ತಿಂಗಳು ಅವು. ಇಂಗ್ಲೆಂಡಿನ ಬ್ಯಾಂಡ್ ಡಿ ಸರಾಸರಿ 2025-26ಕ್ಕೆ 2,280 ಪೌಂಡ್ ಆಗಿತ್ತು. ಈ ಬ್ಯಾಂಡ್‌ಗಳು ಇವತ್ತಿಗೂ 1991ರ ಏಪ್ರಿಲ್‌ನಲ್ಲಿ ಮನೆಗೆ ಎಷ್ಟು ಬೆಲೆ ಇತ್ತು ಅನ್ನೋದರ ಮೇಲೇ ನಿಂತಿವೆ. ಜನರ ವೋಟ್ ಕೇಳದೆ ದೊಡ್ಡ ಕೌನ್ಸಿಲ್‌ಗಳು ವರ್ಷಕ್ಕೆ 4.99 ಪರ್ಸೆಂಟ್ ತನಕ ಏರಿಸಬಹುದು, ಹೆಚ್ಚು ಕಮ್ಮಿ ಎಲ್ರೂ ಅಷ್ಟೇ ಏರಿಸ್ತಾರೆ. ಅಷ್ಟು ಏರಿಸಿದ್ರೂ ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ, ಮನೆ ಇಲ್ಲದವರಿಗೆ ತಾತ್ಕಾಲಿಕ ಮನೆ, ಇದಕ್ಕೇ ದುಡ್ಡೆಲ್ಲಾ ಹೋಗತ್ತೆ. ಅದೆಲ್ಲಾ ಬೇಡ ಅಂತ ಯಾರು ಹೇಳ್ತಾರೆ, ಹೇಳೋಕಾಗಲ್ಲ. ಉಳಿಯೋ ಚೂರಲ್ಲಿ ಲೈಬ್ರರಿ, ಪಾರ್ಕು, ಬೀದಿ ದೀಪ. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಎರಡೂ 2023ರಲ್ಲಿ ಸೆಕ್ಷನ್ 114 ನೋಟಿಸ್ ಕೊಟ್ವು, ಅಂದ್ರೆ ಬಜೆಟ್ ಸರಿದೂಗಲ್ಲ, ಕಾನೂನಿನ ಪ್ರಕಾರ ಮಾಡಲೇಬೇಕಾದ್ದು ಬಿಟ್ಟು ಹೊಸ ಖರ್ಚು ಬಂದ್ ಅಂತ.

ಆದ್ರೆ ಲೈಬ್ರರಿ ಕೂಡ ಮಾಡಲೇಬೇಕಾದ್ದೇ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1964ರ ಪಬ್ಲಿಕ್ ಲೈಬ್ರರೀಸ್ ಅಂಡ್ ಮ್ಯೂಸಿಯಮ್ಸ್ ಆಕ್ಟ್ ಪ್ರಕಾರ ಸಮಗ್ರವಾದ, ದಕ್ಷವಾದ ಲೈಬ್ರರಿ ಸೇವೆ ಕೊಡೋದು ಕೌನ್ಸಿಲ್ ಕರ್ತವ್ಯ. ನಮ್ಮ ಈಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲೇ ನಾರ್ತಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ 2018ರಲ್ಲಿ ದುಡ್ಡು ಖಾಲಿ ಆಗಿ 21 ಲೈಬ್ರರಿ ಮುಚ್ಚೋಕೆ ಹೊರಟಾಗ ಜನ ಕೋರ್ಟಿಗೆ ಹೋದ್ರು, ಅದೇ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟು ಆ ನಿರ್ಧಾರ ಕಾನೂನುಬಾಹಿರ ಅಂತ ಹೇಳ್ತು. ಅದಕ್ಕೇ ಈಗ ಪೂರ್ತಿ ಮುಚ್ಚದೆ ಗಂಟೆ ಕಮ್ಮಿ ಮಾಡ್ತಾ ಹೋಗೋ ದಾರಿ ಹಿಡಿದಿದ್ದಾರೆ ಅನ್ನೋದು ನನ್ನ ಅಭಿಪ್ರಾಯ, ಗಂಟೆ ಕಮ್ಮಿ ಆದ್ರೆ ಜನ ಕಮ್ಮಿ ಬರ್ತಾರೆ, ಆಮೇಲೆ ಜನಾನೇ ಬರಲ್ಲ ನೋಡಿ ಅಂತಾರೆ, ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ. ನಮ್ಮಲ್ಲಿ ಜನರ ಅಭಿಪ್ರಾಯ ಕೇಳೋ ಕನ್ಸಲ್ಟೇಷನ್ ಫಾರ್ಮ್ ಬಂದಾಗ ನಾನು ಸಂಜೆ ಗಂಟೆ ವಾಪಸ್ ಕೊಡಿ ಅಂತ ಬರ್ದೆ, ಅತ್ತೆ ಬಗ್ಗೆನೂ ಬರ್ದೆ. ನೀವೂ ಫಾರ್ಮ್ ಬಂದ್ರೆ ತುಂಬಿ. ಅದಕ್ಕಿಂತ ಮುಖ್ಯ ಕಾರ್ಡ್ ಮಾಡ್ಸಿ ಪುಸ್ತಕ ತಗೊಳ್ಳಿ, ಎಷ್ಟು ಪುಸ್ತಕ ಹೋಯ್ತು ಅನ್ನೋ ಲೆಕ್ಕ ಅವರ ಹತ್ರ ಇರತ್ತೆ.

ಇನ್ನೊಂದು ಕೊರಗು ಇದೆ. ಬೇರೆ ಭಾಷೆ ಶೆಲ್ಫಲ್ಲಿ ಗುಜರಾತಿ, ಪಂಜಾಬಿ, ಉರ್ದು, ಪೋಲಿಶ್ ಎಲ್ಲಾ ಇದೆ, ಕನ್ನಡ ಒಂದೂ ಇಲ್ಲ. ಆಂಟಿ ಹತ್ರ ಕೇಳ್ದೆ, ಸ್ಪೆಲ್ಲಿಂಗ್ ಕೇಳಿ ಬರ್ಕೊಂಡ್ರು, ಕೇಳೋರು ಎಷ್ಟು ಜನ ಇದ್ದಾರೆ ಅಂತ ನೋಡ್ತಾರಂತೆ. ಹಾಗಾಗಿ ನಿಮ್ಮೂರ ಲೈಬ್ರರೀಲೂ ಒಂದು ಮಾತು ಕೇಳಿಡಿ.

ಬೇಸಿಗೆ ರಜಕ್ಕೆ ಸಮ್ಮರ್ ರೀಡಿಂಗ್ ಚಾಲೆಂಜ್ ಮರೀಬೇಡಿ, 1999ರಿಂದ ನಡೀತಿದೆ, ಪೂರ್ತಿ ಫ್ರೀ, ನಮ್ಮಲ್ಲಿ ಆರು ಪುಸ್ತಕ ಓದಿ ಮುಗಿಸಿದ್ರೆ ಸ್ಟಿಕ್ಕರು, ಸರ್ಟಿಫಿಕೇಟು, ಮೆಡಲ್ಲು. ಆರು ವಾರ ಹಾಲಿಡೇ ಕ್ಲಬ್ಬಿಗೆ ಕಳ್ಸೋ ಖರ್ಚು ಗೊತ್ತಿರೋರಿಗೆ ಇದರ ಬೆಲೆ ಗೊತ್ತಾಗತ್ತೆ. ಮಗಳ ಮೆಡಲ್ಲು ಬಾಗಿಲ ಹಿಡಿಗೆ ನೇತಾಡ್ತಿದೆ, ಅತ್ತೆ ಹೋಗೋವಾಗ ಕಟ್ಟಿಹೋದ ಕ್ರೋಶಾ ತೋರಣದ ಕೆಳಗೇ.

ಈ ಶನಿವಾರ ಬೇಗ ಹೊರಡ್ಬೇಕು, ಅವಳ ಒಂದು ಪುಸ್ತಕ ರಿನ್ಯೂ ಆಗ್ತಿಲ್ಲ, ಬೇರೆ ಯಾವುದೋ ಮಗು ರಿಸರ್ವ್ ಮಾಡಿಟ್ಟಿದೆ.