ಫಾಲ್ಕನ್ ನಿಜಕ್ಕೂ ಎಷ್ಟು ದೊಡ್ಡದು? ಮೂರು ಅಳತೆಯನ್ನೂ ಹೊಲದಲ್ಲಿ ಹಾಕಿ ನೋಡಿದೆ

ಜೋಳದ ಸುಗ್ಗಿ ಮುಗಿದ ಮೇಲೆ ವಿಜಯಪುರದ ಹೊರಗಿನ ನಮ್ಮ ಹೊಲ ಖಾಲಿ ಇರುತ್ತದೆ. ಈ ಸಲ ಅಲ್ಲಿ ನಾನೂ ನನ್ನ ಅಳಿಯನೂ ಗೂಟ, ಹಗ್ಗ, ಸುಣ್ಣದ ಪುಡಿ ಹಿಡಿದು ಎರಡು ದಿನ ಕಳೆದೆವು. ಸ್ಟಾರ್ ವಾರ್ಸ್ ಸಿನಿಮಾಗಳಲ್ಲಿ ಬರುವ ಮಿಲೇನಿಯಂ ಫಾಲ್ಕನ್ ಎಂಬ ಬಾಹ್ಯಾಕಾಶ ಹಡಗನ್ನು ಅದರ ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಬರೆದೆವು. ಒಂದಲ್ಲ, ಎರಡು ಬರೆದೆವು. ಮೂರನೆಯದನ್ನು ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟೆವು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅದು ಎಷ್ಟು ಉದ್ದ ಅನ್ನುವ ಜಗಳ ಹಳೆಯದು. 80–90ರ ದಶಕದ ಆಟದ ಪುಸ್ತಕಗಳಲ್ಲಿ, ಕೈಪಿಡಿಗಳಲ್ಲಿ ಹಡಗಿನ ಉದ್ದ 26.7 ಮೀಟರ್ ಅಂತಿತ್ತು. ಆಮೇಲೆ ಬಂದ ಅಧಿಕೃತ ಪುಸ್ತಕಗಳು 34.75 ಮೀಟರ್ ಅಂದವು. ಮೂರನೇ ಗುಂಪಿನವರು ಎರಡನ್ನೂ ಒಪ್ಪುವುದಿಲ್ಲ. ಚಿತ್ರದಲ್ಲಿ ಕಾಣುವ ಒಳಗಿನ ಕೋಣೆಗಳನ್ನೆಲ್ಲ ಕೂಡಿಸಿದರೆ ಹಡಗು ಇನ್ನೂ ದೊಡ್ಡದಾಗಲೇಬೇಕು ಅನ್ನುವುದು ಅವರ ವಾದ.

ನಾನು ಮೊದಲಿಂದ 26.7ರ ಕಡೆಯವನು. ಅದಕ್ಕೆ ಗಟ್ಟಿ ಕಾರಣವೂ ಇತ್ತು. 1980ರ ಚಿತ್ರಕ್ಕಾಗಿ 1979ರಲ್ಲಿ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಫಾಲ್ಕನ್ ಅನ್ನು ಪೂರ್ತಿಯಾಗಿ ಕಟ್ಟಿದ್ದರು. ಹಿಂದೆ ನೀರಿನ ಮೇಲೆ ಇಳಿಯುವ ವಿಮಾನಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಶೆಡ್ಡು ಅದು. ಕಬ್ಬಿಣದ ಚೌಕಟ್ಟು, 20 ಟನ್‌ಗಿಂತ ಜಾಸ್ತಿ ತೂಕ, ಹಡಗಿನ ದುಂಡನೆಯ ಮೈಯ, ಅಂದರೆ ತಟ್ಟೆಯ, ಅಗಲ 20 ಮೀಟರ್ ಆಸುಪಾಸು. ನಟರು ಅದರ ಕೆಳಗೇ ನಡೆದಾಡಿದ್ದಾರೆ. 26.7ರ ಲೆಕ್ಕ ಹಿಡಿದರೆ ತಟ್ಟೆ ಹೆಚ್ಚುಕಡಿಮೆ ಅಷ್ಟೇ ಅಗಲ ಬರುತ್ತದೆ. ಕಣ್ಣೆದುರು ನಿಂತಿದ್ದ ವಸ್ತುವಿಗಿಂತ ದೊಡ್ಡ ಸಾಕ್ಷಿ ಏನು ಬೇಕು ಅಂತ ವರ್ಷಗಟ್ಟಲೆ ವಾದ ಮಾಡಿದ್ದೇನೆ.

ಹೊಲದಲ್ಲಿ ಮೊದಲು ಅದನ್ನೇ ಬರೆದೆವು. ನೋಡಲು ಚೆನ್ನಾಗಿತ್ತು, ಸುಮಾರು ಮೂರು ಗುಂಟೆಯ ವೃತ್ತ. ಅದರ ಸುತ್ತಲೇ 34.75ರದನ್ನು ಬರೆದಾಗ ವೃತ್ತ ಐದು ಗುಂಟೆಗೆ ಹೋಯಿತು. ಉದ್ದದಲ್ಲಿ ಬರೀ 8 ಮೀಟರ್ ವ್ಯತ್ಯಾಸ ಅಲ್ವಾ, ಇಷ್ಟು ಯಾಕೆ ಬೆಳೆಯಿತು ಅನಿಸಿತು. ಆದರೆ ಉದ್ದ ಬೆಳೆದರೆ ಅಗಲ, ಎತ್ತರ ಎರಡೂ ಜೊತೆಗೇ ಬೆಳೆಯುತ್ತವೆ. ಒಳಗಿನ ಜಾಗದ ಲೆಕ್ಕ ಹಾಕಿದರೆ ದೊಡ್ಡ ಹಡಗು ಚಿಕ್ಕದರ ಎರಡು ಪಟ್ಟಿಗಿಂತ ಜಾಸ್ತಿ. ಕಾಗದದ ಮೇಲೆ ಈ ಗುಣಾಕಾರ ನನಗೆ ಗೊತ್ತಿತ್ತು. ಸುಣ್ಣದ ಗೆರೆಯ ಒಳಗೆ ನಿಂತಾಗ ಬೇರೆಯೇ ಅನಿಸಿತು.

ಆಮೇಲೆ ಕಾಕ್‌ಪಿಟ್, ಅಂದರೆ ಹಡಗು ನಡೆಸುವವರು ಕೂರುವ ಕೋಣೆಯ ಪರೀಕ್ಷೆ ಮಾಡಿದೆವು. ನನ್ನ ಹತ್ತಿರ ಬಂದೈ ಕಂಪನಿಯ 1/144 ಕಿಟ್ ಇದೆ, ಅಂದರೆ 144 ಪಟ್ಟು ಚಿಕ್ಕದಾದ, ಬಿಡಿಭಾಗ ಜೋಡಿಸಿ ಮಾಡುವ ಮಾದರಿ. ಅದರ ಕಾಕ್‌ಪಿಟ್ ಕೊಳವೆಯನ್ನು ಅಳೆದು, ಎರಡೂ ಲೆಕ್ಕಕ್ಕೆ ಹಿಗ್ಗಿಸಿ, ಹಗ್ಗದಿಂದ ನೆಲದ ಮೇಲೆ ಗುರುತು ಹಾಕಿದೆವು. ಒಳಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಚಿತ್ರದಲ್ಲಿ ಇದ್ದ ಹಾಗೆ ಮುಂದೆ ಎರಡು, ಹಿಂದೆ ಎರಡು. ಚಿಕ್ಕ ಅಳತೆಯಲ್ಲಿ ನಾನೂ ಅಳಿಯನೂ ಮುಂದೆ ಕೂತೆವು.

‘ಮಾಮಾ, ಸ್ವಲ್ಪ ಆ ಕಡೆ ಸರಿ, ಹಗ್ಗ ಭುಜಕ್ಕ ಹತ್ತಾಕತ್ತೈತಿ’ ಅಂದ ಅವನು.

ಸರಿಯಲು ಜಾಗವೇ ಇರಲಿಲ್ಲ. ನಮ್ಮಿಬ್ಬರದೂ ಸಾಧಾರಣ ಮೈಕಟ್ಟು. ಚಿತ್ರದಲ್ಲಿ ಆ ಕುರ್ಚಿಯಲ್ಲಿ ಕೂರುವವನು ಹಡಗಿನ ಸಹಚಾಲಕ ಚ್ಯೂಬಾಕಾ. ಆ ಪಾತ್ರ ಮಾಡಿದ ಪೀಟರ್ ಮೇಹ್ಯೂ 7 ಅಡಿ 3 ಇಂಚು ಎತ್ತರದವರು, ಮೇಲೆ ಆ ಕೂದಲಿನ ವೇಷ ಬೇರೆ. ಅವರು ಅಲ್ಲಿ ಆರಾಮಾಗಿ ಕೂತು, ಕೈ ಚಾಚಿ ಮೇಲಿನ ಸ್ವಿಚ್ ಒತ್ತುತ್ತಾರೆ. 26.7ರ ಹಡಗಿನಲ್ಲಿ ಅದು ಆಗುವುದಿಲ್ಲ. ಅಷ್ಟು ವರ್ಷ ಹಿಡಿದುಕೊಂಡಿದ್ದ ಸಂಖ್ಯೆಯನ್ನು ನಾನು ಆ ಕುರ್ಚಿಯಲ್ಲಿ ಬಿಟ್ಟೆ. ದೊಡ್ಡ ಅಳತೆಗೆ ಹಗ್ಗ ಸರಿಸಿದಾಗ ನಾಲ್ಕು ಜನ ಕೂತೆವು, ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಹೊಲದವರು ಇಬ್ಬರು ಬಂದು ಹಿಂದಿನ ಸೀಟಿಗೆ ಸೇರಿದರು. ಆಗಲೂ ಬಿಗಿಯೇ ಇತ್ತು, ಆದರೆ ಕೂರಬಹುದು.

ಹಾಗಾದರೆ ಪೆಂಬ್ರೋಕ್ ಡಾಕ್‌ನ ಹಡಗು ಸುಳ್ಳಾ? ಸುಳ್ಳಲ್ಲ, ಅದು ಸೆಟ್ಟು. ಸ್ಟುಡಿಯೋಗೆ ಸಾಗಿಸಬೇಕು, ಅಲ್ಲಿನ ಶೂಟಿಂಗ್ ಹಾಲ್ ಒಳಗೆ ಹಿಡಿಸಬೇಕು. 1977ರ ಮೊದಲ ಚಿತ್ರಕ್ಕಂತೂ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಅರ್ಧ ಹಡಗನ್ನಷ್ಟೇ ಕಟ್ಟಿದ್ದರು. ಅದನ್ನು ಕದಲಿಸಲು ಆಗುತ್ತಿರಲಿಲ್ಲ. ಹಡಗು ಇದ್ದಲ್ಲೇ ಇದ್ದು ಸುತ್ತಲಿನ ಸೆಟ್ಟನ್ನು ಬದಲಿಸಿದರು. ಒಳಗಿನ ಕಾಕ್‌ಪಿಟ್ ಬೇರೆ ಸೆಟ್ಟು, ಕ್ಯಾಮೆರಾಕ್ಕೆ ಬೇಕಾದಷ್ಟು ಅಗಲ. ಒಳಗಿನದನ್ನೂ ಹೊರಗಿನದನ್ನೂ ಯಾರೂ ಒಂದರೊಳಗೆ ಒಂದು ಕೂರಿಸಿ ನೋಡಿರಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಜನ ಸುತ್ತಾಡಿ ನೋಡುವಂತೆ ಫಾಲ್ಕನ್ ಕಟ್ಟಿದಾಗ ಅದು 100 ಅಡಿಗಿಂತ ಉದ್ದ ಆಯಿತು. ಅಲ್ಲಿ ಸ್ಟುಡಿಯೋದ ಗೋಡೆ ಅಡ್ಡ ಇರಲಿಲ್ಲ.

ಒಂದು ಎಚ್ಚರಿಕೆ. ಕಿಟ್ ಅಳೆದು 34.75 ಸರಿ ಅಂತ ಸಾಬೀತು ಮಾಡುವವರು ಇದ್ದಾರೆ. ನನ್ನ ಕಿಟ್ 24 ಸೆಂಟಿಮೀಟರ್ ಚಿಲ್ಲರೆ ಇದೆ, 144ರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದೇ ಬರುತ್ತದೆ. ಅದು ಸಾಕ್ಷಿಯಲ್ಲ. ಕಂಪನಿಯವರು ಆ ಸಂಖ್ಯೆಯನ್ನೇ ಇಟ್ಟುಕೊಂಡು ಕಿಟ್ ಮಾಡಿದ್ದಾರೆ. ಕಿಟ್‌ನಿಂದ ಆಕಾರ ತೆಗೆದುಕೊಳ್ಳಿ, ಉದ್ದ ತೆಗೆದುಕೊಳ್ಳಬೇಡಿ.

ಇನ್ನು ಮೂರನೆಯದು. ಒಳಗಿನಿಂದ ಹೊರಗೆ ಅಳೆಯುವ ಈ ದಾರಿ ನನಗೆ ತುಂಬಾ ಇಷ್ಟ, ಯಾಕೆಂದರೆ ಹಡಗಿನಲ್ಲಿ ಬದುಕುವವರ ಕಡೆಯಿಂದ ಅದು ಶುರುವಾಗುತ್ತದೆ. ಆಟದ ದುಂಡು ಮೇಜು, ಅದರ ಸುತ್ತಿನ ಸೀಟು, ಫಿರಂಗಿಯ ಹತ್ತಿರ ಹೋಗುವ ಏಣಿ, ಬಾಗಿದ ಓಣಿ. ಆ ಓಣಿ ಬಾಗಿರುವುದು ಬಹಳ ಕಡಿಮೆ. ಅದನ್ನೇ ಮುಂದುವರಿಸಿ ವೃತ್ತ ಪೂರ್ತಿ ಮಾಡಿದರೆ ತಟ್ಟೆ ದೊಡ್ಡದಾಗುತ್ತಾ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಹಡಗು 40 ಮೀಟರ್ ದಾಟಿತು. ತೊಂದರೆ ಏನೆಂದರೆ, ಮೂರು ಸಲ ಅಳೆದಾಗ ಮೂರು ಉತ್ತರ ಬಂತು. ಪರದೆಯ ಮೇಲೆ ಓಣಿಯ ಅಗಲವನ್ನು ಅಂದಾಜಿನಲ್ಲಿ ಹಿಡಿಯಬೇಕು, ಲೆನ್ಸ್ ಜಾಗವನ್ನು ಹಿಗ್ಗಿಸಿ ತೋರಿಸುತ್ತದೆ, ಸಣ್ಣ ತಪ್ಪು ವೃತ್ತ ಪೂರ್ತಿಯಾಗುವಷ್ಟರಲ್ಲಿ ದೊಡ್ಡದಾಗುತ್ತದೆ. ಯಾವ ಗೆರೆ ಹಾಕಬೇಕು ಅಂತ ಗೊತ್ತಾಗದೆ ಸುಣ್ಣ ಕೆಳಗಿಟ್ಟೆವು.

ಮರುದಿನ ಬೆಳಗ್ಗೆ ಬೇಗ ಗೋಳಗುಮ್ಮಟಕ್ಕೆ ಹೋದೆವು. ಕೂಗುವವರು ಬರುವ ಮೊದಲು ಅಲ್ಲಿ ನಿಂತು ಯೋಚನೆ ಮಾಡಬಹುದು. ಒಳಗಿನ ನೆಲ ಗೋಡೆಯಿಂದ ಗೋಡೆಗೆ ಸುಮಾರು 41 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಮೂರೂ ಹಡಗುಗಳನ್ನು ಮನಸ್ಸಿನಲ್ಲೇ ಅಲ್ಲಿ ನಿಲ್ಲಿಸಿದೆ. 26.7ರದು ನಿಂತರೆ ಮುಂದೆ, ಹಿಂದೆ ಏಳೇಳು ಮೀಟರ್ ಜಾಗ ಉಳಿಯುತ್ತದೆ, ಏನೋ ಬಡವಾಗಿ ಕಾಣುತ್ತದೆ. 40 ದಾಟಿದ್ದು ಗೋಡೆಗೆ ತಾಗುತ್ತದೆ. 34.75ರದಕ್ಕೆ ಎರಡೂ ಕಡೆ ಮೂರು ಮೀಟರ್ ಉಳಿಯುತ್ತದೆ, ಅಷ್ಟರಲ್ಲಿ ಹಡಗಿನ ಸುತ್ತ ಒಬ್ಬ ಮನುಷ್ಯ ನಡೆದು ಬರಬಹುದು.

ನನ್ನ ಮತ ಈಗ 34.75ಕ್ಕೆ. ಅಳಿಯ ಇನ್ನೂ 40ರ ಕಡೆಯವನೇ. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿ ಆ ಕಡೆ ಗೋಡೆಗೆ ಮುಖ ಮಾಡಿ ನಿಂತು, ‘ಮಾಮಾ, ಓಣಿ ಲೆಕ್ಕ ಇನ್ನೊಮ್ಮೆ ಮಾಡೂಣು’ ಅಂದ. ಈ ಕಡೆ ನನಗೆ ಸ್ಪಷ್ಟವಾಗಿ ಕೇಳಿಸಿತು.